ಚಹಾ ಆರಲಿ, ಆಮೇಲೆ ಹೇಳಿ

ಫ್ಲೇವರ್ ಚಹಾ ಚಲೋನೋ ಸಾದಾ ಚಹಾ ಚಲೋನೋ ಎಂದು ಕೇಳುವವರಿಗೆ ನಾನು ತಕ್ಷಣ ಉತ್ತರ ಕೊಡುವುದಿಲ್ಲ. ಎರಡನ್ನೂ ಮಾಡಿ ಎರಡು ಕಪ್ಪಿನಲ್ಲಿ ಮುಂದಿಡುತ್ತೇನೆ. ಹಾಲಿಲ್ಲ, ಸಕ್ಕರೆ ಇಲ್ಲ. "ಈಗ ಕುಡೀಬ್ಯಾಡ್ರಿ, ಸ್ವಲ್ಪ ಆರಲಿ" ಎನ್ನುತ್ತೇನೆ. ಬೆಳಗಾವಿಯಲ್ಲಿ ಈ ಮಾತು ಹೇಳುವುದು ಸುಲಭವಲ್ಲ. ಇಲ್ಲಿ ಚಹಾ ಅಂದರೆ ತುಟಿ ಸುಡಬೇಕು. ಆರಿದ ಚಹಾ ಕೊಟ್ಟರೆ ಬೀಗರು ಮುನಿಸಿಕೊಂಡು ಎದ್ದು ಹೋದಾರು.

ಆದರೆ ಸುಡುವ ಚಹಾದಲ್ಲಿ ನಾಲಿಗೆಗೆ ತಿಳಿಯುವುದು ಕಡಿಮೆ. ಆವಿಯ ಜೊತೆ ಪರಿಮಳ ಎದ್ದು ಮೂಗಿಗೆ ಬಡಿಯುತ್ತದೆ, ನಾವು ಅದನ್ನೇ ರುಚಿ ಅಂದುಕೊಳ್ಳುತ್ತೇವೆ. ಕಪ್ಪು ಉಗುರುಬೆಚ್ಚಗಾಗುತ್ತ ಬಂದಂತೆ ಪರಿಮಳ ಇಳಿಯುತ್ತದೆ. ಎಲೆಯ ಒಗರು, ಕಹಿ, ಹಳೆಯ ಮಾಲಿನ ಮಂಕುತನ ಒಂದೊಂದಾಗಿ ಮೇಲೆ ಬರುತ್ತವೆ. ಫ್ಲೇವರ್ ಹಾಕಿದ ಚಹಾದ ಬಂಡವಾಳ ಹೊರಬೀಳುವುದು ಆಗಲೇ.

ನನ್ನ ಕೆಲಸ ಚಹಾಪುಡಿ ಬೆರೆಸುವುದು. ಅಸ್ಸಾಂ, ನೀಲಗಿರಿ ಮಾಲು ತರಿಸಿ, ರುಚಿ ನೋಡಿ, ಈ ಭಾಗದ ನೀರಿಗೂ ಹಾಲಿಗೂ ಹೊಂದುವಂತೆ ಕೂಡಿಸುತ್ತೇನೆ. ಈಚೆಗೆ ಅಂಗಡಿಗೆ ಬರುವ ಹುಡುಗರು ಪೀಚ್, ಲೆಮನ್, ಜಾಸ್ಮಿನ್ ಎಂದೆಲ್ಲ ಕೇಳುತ್ತಾರೆ. ಅವರಪ್ಪಂದಿರು ಅದೇ ಕಾಲು ಕಿಲೋ ಖಡಕ್ ಪುಡಿ ಒಯ್ಯುತ್ತಾರೆ. ಇಬ್ಬರಿಗೂ ನನ್ನ ಸಲಹೆ ಒಂದೇ: ಮೊದಲು ಎಲೆಯನ್ನು ನೋಡಿ, ಪರಿಮಳವನ್ನು ಆಮೇಲೆ ನೋಡಿ.

ಚಹಾದ ರುಚಿ ನೋಡಲು ಒಂದು ಅಂತರರಾಷ್ಟ್ರೀಯ ಮಾನದಂಡವೇ ಇದೆ. ಐಎಸ್‌ಒ 3103 ಎಂದು ಅದರ ನಂಬರು, 1980ರಲ್ಲಿ ಬಂದದ್ದು. 100 ಮಿ.ಲೀ. ಕುದಿಯುವ ನೀರಿಗೆ 2 ಗ್ರಾಂ ಎಲೆ ಹಾಕಿ, 6 ನಿಮಿಷ ಮುಚ್ಚಿಡಬೇಕು. ಒಲೆಯ ಮೇಲಿಟ್ಟು ಕುದಿಸುವಂತಿಲ್ಲ. ಹಾಗೆ ಮಾಡಿದ ಚಹಾ ಕುಡಿಯಲು ರುಚಿಯಾಗಿರುತ್ತದೆ ಎಂದೇನಿಲ್ಲ. ಎಲೆಯೊಳಗಿನ ಒಳ್ಳೆಯದೂ ಕೆಟ್ಟದ್ದೂ ಎಲ್ಲ ಹೊರಗೆ ಬಂದು ನಿಲ್ಲಲಿ ಅಂತಲೇ ಅಷ್ಟು ಹೊತ್ತು. ಮನೆಯಲ್ಲಿ ಸಣ್ಣ ತೂಕದ ಯಂತ್ರ ಇದ್ದರೆ ಚಮಚೆ ಲೆಕ್ಕ ಬಿಡಿ. ಎಲೆಯನ್ನು ಯಂತ್ರದಲ್ಲಿ ಜಜ್ಜಿ, ಹರಿದು, ಸುರುಳಿ ಮಾಡಿದ, ಕಾಳಿನಂತಿರುವ ಸಿಟಿಸಿ ಪುಡಿ ಒಂದು ಚಮಚೆಗೆ ಜಾಸ್ತಿ ತೂಗುತ್ತದೆ, ಉದ್ದ ಎಲೆಯ ಚಹಾ ಅದೇ ಚಮಚೆಗೆ ಕಡಿಮೆ ತೂಗುತ್ತದೆ. ಚಮಚೆ ನಂಬಿ ಹೋಲಿಸಿದರೆ ಎಲೆ ಚಹಾಕ್ಕೆ ಅನ್ಯಾಯವಾಗುತ್ತದೆ.

ಇನ್ನು ಕುಡಿಯುವ ರೀತಿ. ಚಮಚೆಯಲ್ಲಿ ತೆಗೆದು ಸೊರ್ ಎಂದು ಜೋರಾಗಿ ಹೀರಬೇಕು. ಗಾಳಿ ಸೇರಿ ಚಹಾ ಹನಿಹನಿಯಾಗಿ ಬಾಯಿತುಂಬ ಹರಡುತ್ತದೆ, ಪರಿಮಳ ಗಂಟಲಿನ ಹಿಂದಿನಿಂದ ಮೂಗಿಗೆ ಏರುತ್ತದೆ. ಬಸಿಯಲ್ಲಿ ಸುರಿದುಕೊಂಡು ಸೊರ್ ಎನ್ನಿಸುವ ನಮ್ಮ ಕಾಕಾಗಳನ್ನು ನೋಡಿ ಮಕ್ಕಳು ನಗುತ್ತಾರೆ, ಅಲ್ವಾ? ಹರಾಜು ಮಾಲಿನ ರುಚಿ ನೋಡುವ ಟೇಸ್ಟರ್‌ಗಳು ಇದಕ್ಕಿಂತ ಜೋರಾಗಿ ಸದ್ದು ಮಾಡುತ್ತಾರೆ. ನುಂಗದೆ ಉಗುಳುತ್ತಾರೆ ಅಷ್ಟೇ. ಒಂದು ಕಪ್ಪಿನಿಂದ ಇನ್ನೊಂದಕ್ಕೆ ಹೋಗುವಾಗ ನೀರು ಮುಕ್ಕಳಿಸಿ, ಏನೂ ಹಾಕದ ನಾಲ್ಕು ಚುರಮುರಿ ಬಾಯಿಗೆ ಹಾಕಿಕೊಳ್ಳಿ. ಸಾದಾ ಚಹಾ ಮೊದಲು, ಫ್ಲೇವರ್ ಚಹಾ ಕೊನೆಗೆ. ಉಲ್ಟಾ ಮಾಡಿದರೆ ಫ್ಲೇವರಿನ ವಾಸನೆ ಮುಂದಿನ ಎಲ್ಲ ಕಪ್ಪಿನಲ್ಲೂ ಬರುತ್ತಿರುತ್ತದೆ.

ಒಗರು ಮತ್ತು ಕಹಿ ಬೇರೆ ಬೇರೆ ಎಂದು ಮೊದಲೇ ಗುರುತು ಹಿಡಿಯಬೇಕು. ಕಹಿ ಒಂದು ರುಚಿ. ಒಗರು ಬಾಯಿಗೆ ಆಗುವ ಅನುಭವ. ಚಹಾದಲ್ಲಿ ಒಗರು ತರುವ ಅಂಶಗಳಾದ ಪಾಲಿಫಿನಾಲ್‌ಗಳು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡಾಗ ನಾಲಿಗೆ ಒಣಗಿ ಬಿಗಿದಂತಾಗುತ್ತದೆ. ಒಳ್ಳೆಯ ಅಸ್ಸಾಂ ಚಹಾದ ಒಗರು ನಾಲಿಗೆಯನ್ನು ಚುರುಕು ಮಾಡಿ ಬೇಗ ಬಿಡುತ್ತದೆ. ಕೆಟ್ಟ ಮಾಲಿನದು ಬಾಯಲ್ಲೇ ಕುಳಿತುಬಿಡುತ್ತದೆ. ಹಾಲು ಹಾಕಿದಾಗ ಅದರ ಕೇಸೀನ್ ಎಂಬ ಪ್ರೋಟೀನ್ ಈ ಒಗರನ್ನು ಹಿಡಿದುಕೊಳ್ಳುತ್ತದೆ. ಅದಕ್ಕೇ ಹಾಲಿನ ಚಹಾಕ್ಕೆ ಜೋರಾದ ಸಿಟಿಸಿ ಪುಡಿ ಬೇಕು. ಡಾರ್ಜಿಲಿಂಗಿನ ಮೊದಲ ಚಿಗುರಿನ ಚಹಾ ತಂದು ಎಮ್ಮೆ ಹಾಲಿನಲ್ಲಿ ಕುದಿಸಿದರೆ ಹಾಲು ಮಾತ್ರ ಉಳಿಯುತ್ತದೆ, ದುಡ್ಡು ದಂಡ.

ಇಷ್ಟು ತಿಳಿದ ಮೇಲೆ ನಾನು ಸಾಮಾನ್ಯವಾಗಿ ಜೋಡಿಸುವ ಕಪ್ಪುಗಳ ಸಾಲಿಗೆ ಬರೋಣ.

ಮೊದಲ ಜೋಡಿ ಸಾದಾ ಸಿಟಿಸಿ ಮತ್ತು ಏಲಕ್ಕಿ ಫ್ಲೇವರಿನ ಸಿಟಿಸಿ. ಪ್ಯಾಕೆಟ್ ಒಡೆದ ಕೂಡಲೇ ಏಲಕ್ಕಿ ಗಮ್ಮೆನ್ನುತ್ತದೆ. ಬಿಸಿ ಕಪ್ಪಿನಲ್ಲೂ ಗೆಲ್ಲುವುದು ಅದೇ. ಹತ್ತು ನಿಮಿಷ ಬಿಟ್ಟು ನೋಡಿ. ಎಲೆ ಒಳ್ಳೆಯದಿದ್ದರೆ ಏಲಕ್ಕಿ ಹೋದ ಮೇಲೂ ಕುಡಿಯುವಂತಿರುತ್ತದೆ. ಎಲೆ ಹಳೆಯದಿದ್ದರೆ ಚಹಾ ಚಪ್ಪೆಯಾಗಿ, ಒದ್ದೆ ರಟ್ಟಿನಂಥ ವಾಸನೆ ಉಳಿಯುತ್ತದೆ. ಮೇಲಾಗಿ ನಾವು ಚಹಾವನ್ನು ಒಲೆಯ ಮೇಲೆ ಕುದಿಸುವವರು. ಏಲಕ್ಕಿಯ ಪರಿಮಳ ಹಾರಿಹೋಗುವಂಥ ಎಣ್ಣೆ. ಐದು ನಿಮಿಷ ಕುದಿಸಿದರೆ ಅಡುಗೆಮನೆ ಘಮಘಮಿಸುತ್ತದೆ, ಕಪ್ಪಿನಲ್ಲಿ ಕಡಿಮೆ ಉಳಿಯುತ್ತದೆ. ಎರಡು ಏಲಕ್ಕಿ ಜಜ್ಜಿ, ಇಳಿಸುವ ಮುಂಚೆ ಹಾಕಿ ಮುಚ್ಚಿಡುವುದು ನನ್ನ ಪ್ರಕಾರ ಎಲ್ಲ ಪ್ಯಾಕೆಟ್ಟಿಗಿಂತ ಮೇಲು.

ಶುಂಠಿಯ ಲೆಕ್ಕ ಬೇರೆ. ಮಸಾಲಾ ಚಹಾ ಪ್ಯಾಕೆಟ್ಟಿನಲ್ಲಿ ಇರುವುದು ಒಣಶುಂಠಿ. ಒಣಗುವಾಗ ಹಸಿಶುಂಠಿಯ ಜಿಂಜರಾಲ್ ಎಂಬ ಖಾರದ ಅಂಶ ಸ್ವಲ್ಪ ಶೋಗಾಲ್ ಆಗುತ್ತದೆ, ಅದು ಇನ್ನೂ ಖಾರ. ಹಾಗಾಗಿ ಪ್ಯಾಕೆಟ್ ಚಹಾ ಗಂಟಲು ಸುಡುತ್ತದೆ, ಆದರೆ ಹಸಿಶುಂಠಿಯ ಲಿಂಬೆಯಂಥ ತಾಜಾ ವಾಸನೆ ಅದರಲ್ಲಿ ಇರುವುದಿಲ್ಲ. ಹಸಿಶುಂಠಿ ಹಾಕುವವರು ನೀರಿನಲ್ಲಿ ಮೊದಲು ಚೆನ್ನಾಗಿ ಕುದಿಸಿ, ಆಮೇಲೆ ಹಾಲು ಹಾಕಿ. ಅದರಲ್ಲಿ ಪ್ರೋಟೀನ್ ಒಡೆಯುವ ಕಿಣ್ವ ಇದೆ, ಕುದಿಯದಿದ್ದರೆ ಹಾಲು ಒಡೆದುಬಿಡುತ್ತದೆ. ಮಹಾಲಿಂಗಪುರದ ಬೆಲ್ಲ ತಂದು ಚಹಾ ಮಾಡುವವರೂ ಇದೇ ದೂರು ಹೇಳುತ್ತಾರೆ. ಬೆಲ್ಲವನ್ನು ಹಾಲಿನ ಜೊತೆ ಕುದಿಸಬೇಡಿ. ಒಲೆ ಆರಿಸಿ, ಕೆಳಗಿಳಿಸಿ, ಆಮೇಲೆ ಕರಗಿಸಿ.

ಎರಡನೆಯ ಜೋಡಿ ನೀಲಗಿರಿಯ ಉದ್ದ ಎಲೆ ಚಹಾ ಮತ್ತು ಅರ್ಲ್ ಗ್ರೇ. ಅರ್ಲ್ ಗ್ರೇ ಅಂದರೆ ಕಪ್ಪು ಚಹಾಕ್ಕೆ ಬರ್ಗಮಾಟ್ ಎಂಬ ಹುಳಿಹಣ್ಣಿನ ಸಿಪ್ಪೆಯ ಎಣ್ಣೆ ಸೇರಿಸಿದ್ದು. ನಮ್ಮ ಕಡೆಯವರಿಗೆ ಇದು ಮೊದಲ ಗುಟುಕಿಗೆ ಹಿಡಿಸುವುದಿಲ್ಲ. "ಸಾಬಾನ್ ವಾಸನಿ ಬರ್ತದಲ್ರೀ ಅಣ್ಣಾರ" ಎಂದವರೇ ಜಾಸ್ತಿ. ಹಾಲು ಹಾಕಿ ಕುದಿಸಿದ್ದರೆ ಅವರ ಮಾತು ಖರೆ. ಹಾಲಿಲ್ಲದೆ, 3-4 ನಿಮಿಷ ಮಾತ್ರ ನೆನೆಸಿ, ತಣ್ಣಗೆ ಮಾಡಿ ಕೊಟ್ಟರೆ ಅದೇ ಜನ ಇನ್ನೊಂದು ಲೋಟ ಕೇಳುತ್ತಾರೆ. ಹುಳಿಹಣ್ಣಿನ ಪರಿಮಳ ತಂಪಿಗೆ ಒಗ್ಗುತ್ತದೆ. ಎಣ್ಣೆ ಸಿಂಪಡಿಸಿದ ಇಂಥ ಎಲೆ ಚಹಾಕ್ಕೆ ಇನ್ನೊಂದು ಪರೀಕ್ಷೆ ಇದೆ. ಸೋಸಿದ ಎಲೆಗೆ ಮತ್ತೊಮ್ಮೆ ಬಿಸಿನೀರು ಹಾಕಿ. ಫ್ಲೇವರಿನ ಬಹುಪಾಲು ಮೊದಲ ನೀರಿನಲ್ಲೇ ಹೋಗಿರುತ್ತದೆ. ಎರಡನೆಯ ನೀರಿನಲ್ಲಿ ಬರುವುದು ಎಲೆಯ ಸ್ವಂತ ರುಚಿ. ಅದೂ ಕುಡಿಯುವಂತಿದ್ದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಮಲ್ಲಿಗೆ ಚಹಾ ನನಗೆ ಇಷ್ಟ, ಅದನ್ನು ಮುಚ್ಚಿಡುವುದಿಲ್ಲ. ಚೀನಾದ ಹಳೆಯ ಪದ್ಧತಿಯಲ್ಲಿ ಹಸಿರು ಚಹಾದ ಎಲೆಯ ಜೊತೆ ಸಂಜೆ ಅರಳುವ ಮಲ್ಲಿಗೆಯನ್ನು ರಾತ್ರಿಯಿಡೀ ಬೆರೆಸಿಡುತ್ತಾರೆ. ಬೆಳಗ್ಗೆ ಹೂವು ತೆಗೆದು, ಎಲೆ ಒಣಗಿಸಿ, ಮತ್ತೆ ಹೊಸ ಹೂವು ಬೆರೆಸುತ್ತಾರೆ. ಒಳ್ಳೆಯ ಮಾಲಿಗೆ ಹೀಗೆ ಹಲವು ಸಲ. ಪಕ್ಕದಲ್ಲಿ ಏನಿದ್ದರೂ ಅದರ ವಾಸನೆ ಹೀರಿಕೊಳ್ಳುವುದು ಚಹಾದ ಗುಣ, ಇಲ್ಲಿ ಅದೇ ಉಪಯೋಗಕ್ಕೆ ಬಂದಿದೆ. ಎಸೆನ್ಸ್ ಸಿಂಪಡಿಸಿದ ಅಗ್ಗದ ಮಲ್ಲಿಗೆ ಚಹಾ ಬಿಸಿಯಲ್ಲಿ ಅತ್ತರಿನಂತೆ ಹೊಡೆಯುತ್ತದೆ, ಆರಿದಾಗ ಬರೀ ಕಹಿ. ಇದಕ್ಕೆ ಕುದಿಯುವ ನೀರು ಹಾಕಬೇಡಿ. 75-80 ಡಿಗ್ರಿ ಸಾಕು, ಅಂದರೆ ಕುದಿ ಇಳಿದು ಕೆಲವು ನಿಮಿಷ ಆರಿದ ನೀರು. ಹಸಿರು ಚಹಾ ಕಹಿ ಎಂದು ದೂರುವ ಅರ್ಧ ಜನ ನೀರಿನ ಬಿಸಿಯಲ್ಲೇ ಎಡವಿರುತ್ತಾರೆ.

ಹಿತ್ತಲಲ್ಲಿ ಗವತಿ ಚಹಾದ ಹುಲ್ಲು, ಅಂದರೆ ಲಿಂಬೆ ವಾಸನೆಯ ನಿಂಬೆಹುಲ್ಲು, ಬೆಳೆಸಿದವರು ಅದನ್ನೂ ಈ ಸಾಲಿಗೆ ಸೇರಿಸಿ. ಬರೀ ಹುಲ್ಲನ್ನೇ ಕುದಿಸಿದರೆ ಕೆಫೀನ್ ಇಲ್ಲ, ಒಗರೂ ಇಲ್ಲ. ಬಿಸಿ, ತಂಪು ಎರಡರಲ್ಲೂ ಕೆಡದ ರುಚಿ. ಅಂಗಡಿಯ ಲೆಮನ್ ಫ್ಲೇವರಿನ ಪಕ್ಕದಲ್ಲಿಟ್ಟರೆ ಹಿತ್ತಲಿನದೇ ಗೆಲ್ಲುತ್ತದೆ.

ಐಸ್ ಚಹಾ ಕೆಫೆ ಹುಡುಗರ ಹೊಸ ಚಾಳಿ ಎಂದು ಹಿರಿಯರು ಮೂಗು ಮುರಿಯುತ್ತಾರೆ. ಇದು ಹಳೆಯದೇ. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಮೇಳದಲ್ಲಿ ಭಾರತದ ಚಹಾ ಪ್ರಚಾರಕ್ಕೆ ಹೋಗಿದ್ದ ರಿಚರ್ಡ್ ಬ್ಲೆಚಿಂಡೆನ್, ಸೆಕೆಗೆ ಬಿಸಿ ಚಹಾ ಯಾರೂ ಕುಡಿಯದಿದ್ದಾಗ ಐಸ್ ಹಾಕಿ ಹಂಚಿದರು ಎಂದು ಕಥೆ ಹೇಳುತ್ತಾರೆ. ಅವರಿಂದ ಅದು ಜನಪ್ರಿಯವಾಗಿರಬಹುದು, ಹುಟ್ಟಿದ್ದಂತೂ ಅಲ್ಲಿ ಅಲ್ಲ. 1879ರ ಅಮೆರಿಕದ ಅಡುಗೆ ಪುಸ್ತಕದಲ್ಲೇ ಅದರ ವಿಧಾನ ಅಚ್ಚಾಗಿದೆ. ವಿಜಯಪುರದ ಏಪ್ರಿಲ್-ಮೇ ಬಿಸಿಲು ಕಂಡವರಿಗೆ ಇದರ ಅಗತ್ಯ ಬಿಡಿಸಿ ಹೇಳಬೇಕಿಲ್ಲ.

ಬಿಸಿ ಚಹಾಕ್ಕೆ ಒಳ್ಳೆಯದೆನಿಸಿದ ಪುಡಿಯೇ ತಂಪಿಗೆ ಕೈಕೊಡುತ್ತದೆ, ತೊಡಕು ಇರುವುದು ಇಲ್ಲಿ. ಜೋರಾದ ಅಸ್ಸಾಂ ಚಹಾ ತಣ್ಣಗಾದಾಗ ಮಬ್ಬಾಗುತ್ತದೆ. ಕೆಫೀನ್ ಮತ್ತು ಚಹಾಕ್ಕೆ ಬಣ್ಣ ಕೊಡುವ ಪಾಲಿಫಿನಾಲ್‌ಗಳು ತಂಪಿನಲ್ಲಿ ಒಂದಕ್ಕೊಂದು ಅಂಟಿ, ಕರಗದೆ ತೇಲುತ್ತವೆ. ಟೇಸ್ಟರ್‌ಗಳು ಇದನ್ನು ಕ್ರೀಮಿಂಗ್ ಎನ್ನುತ್ತಾರೆ. ಬಿಸಿ ಚಹಾದ ಮಾಲು ನೋಡುವಾಗ ಅದು ಬಲದ ಗುರುತು. ಗಾಜಿನ ಲೋಟದ ಐಸ್ ಚಹಾದಲ್ಲಿ ಕೆಸರು ನೀರಿನಂತೆ ಕಾಣುತ್ತದೆ. ನೀಲಗಿರಿ ಎಲೆ ಚಹಾ ಅಷ್ಟಾಗಿ ಮಬ್ಬಾಗುವುದಿಲ್ಲ. ಐಸ್ ಚಹಾಕ್ಕೆ ಅದನ್ನೇ ಕೊಡಿ ಎಂದು ನಾನು ಒತ್ತಾಯ ಮಾಡುವುದು ಇದಕ್ಕೇ. ಮಬ್ಬಾಗಿಯೇ ಬಿಟ್ಟಿದ್ದರೆ ಒಂದಿಷ್ಟು ಕುದಿಯುವ ನೀರು ಸೇರಿಸಿ, ತಿಳಿಯಾಗುತ್ತದೆ.

ಒಂದು ಲೀಟರ್ ಆಗಬೇಕಾದರೆ 10 ಗ್ರಾಂ ಎಲೆಯನ್ನು ಅರ್ಧ ಲೀಟರ್ ಬಿಸಿನೀರಿನಲ್ಲಿ 4-5 ನಿಮಿಷ ನೆನೆಸಿ ಸೋಸಿ, ಅರ್ಧ ಕಿಲೋ ಐಸ್ ಮೇಲೆ ಸುರಿಯಿರಿ. ಕರಗುವ ಐಸ್ ನೀರಾಗುತ್ತದೆ ಎಂಬ ಲೆಕ್ಕ ಮೊದಲೇ ಇರಬೇಕು. ಹೆಚ್ಚಿನ ಕೆಫೆಗಳು ಮಾಮೂಲಿ ಚಹಾಕ್ಕೆ ಐಸ್ ಹಾಕಿ, ತೆಳ್ಳಗಾಯಿತೆಂದು ಸಿರಪ್ ಸುರಿಯುತ್ತವೆ. ತಂಪಿನಲ್ಲಿ ನಾಲಿಗೆಗೆ ಸಿಹಿ ಕಡಿಮೆ ತಿಳಿಯುವುದರಿಂದ ಅದು ಇನ್ನೂ ಜಾಸ್ತಿ ಬೇಕಾಗುತ್ತದೆ. ರೆಡಿ ಐಸ್ ಟೀ ಪುಡಿಯ ಡಬ್ಬಿ ತಿರುಗಿಸಿ ನೋಡಿ. ತೂಕದಲ್ಲಿ ಹೆಚ್ಚಿರುವುದನ್ನು ಮೊದಲು ಬರೆಯಬೇಕೆಂಬ ನಿಯಮ ಇದೆ. ಮೊದಲ ಹೆಸರು ಸಾಮಾನ್ಯವಾಗಿ ಸಕ್ಕರೆಯದೇ.

ನನಗೆ ಹೆಚ್ಚು ಹಿಡಿಸಿದ್ದು ತಣ್ಣೀರಿನಲ್ಲೇ ನೆನೆಸುವ ವಿಧಾನ. ಅದೇ 10 ಗ್ರಾಂ ಎಲೆ, ಒಂದು ಲೀಟರ್ ತಣ್ಣೀರು, ಫ್ರಿಜ್‌ನಲ್ಲಿ ಒಂದು ರಾತ್ರಿ. ತಣ್ಣೀರು ಒಗರನ್ನೂ ಕೆಫೀನನ್ನೂ ಕಡಿಮೆ ಎಳೆಯುತ್ತದೆ, ಸಿಹಿಯಂಥ ಮೃದು ರುಚಿ ಬರುತ್ತದೆ. ಸಕ್ಕರೆಯ ನೆನಪೇ ಆಗುವುದಿಲ್ಲ. ಮಲ್ಲಿಗೆ ಚಹಾ ಹೀಗೆ ಮಾಡಿದರೆ ಬಿಸಿಗಿಂತ ಚೆನ್ನಾಗಿರುತ್ತದೆ. ಕಾಳು ಪುಡಿ ಮಾತ್ರ ಬೇಡ, ತಳದಲ್ಲಿ ಗಸಿ ಕೂರುತ್ತದೆ. ನೀರು ಎಲ್ಲೂ ಕುದಿಯುವುದಿಲ್ಲ, ಹಾಗಾಗಿ ಕುದಿಸಿ ಆರಿಸಿದ್ದು ಅಥವಾ ಫಿಲ್ಟರ್ ನೀರೇ ಆಗಬೇಕು. ಸೋಸಿದ ಮೇಲೆ ಆ ದಿನವೇ ಮುಗಿಸಿ. ವಿಜಯಪುರ ಜಿಲ್ಲೆಯ ಇಂಡಿ ಊರಿನ ಲಿಂಬೆ ಸಿಕ್ಕರೆ ಕುಡಿಯುವ ಮುಂಚೆ ನಾಲ್ಕು ಹನಿ ಹಿಂಡಿ. ಹುಳಿ ಬಿದ್ದ ಕೂಡಲೇ ಬಣ್ಣ ತಿಳಿಯಾಗುತ್ತದೆ, ಪುಡಿ ಕಡಿಮೆ ಹಾಕಿದ್ದಾರೆ ಎಂದು ಜಗಳಕ್ಕೆ ಬರಬೇಡಿ.

ನೀರಿನ ಮಾತು ಬಂತು. ನನ್ನಿಂದ ಪುಡಿ ಒಯ್ದ ಬಾಗಲಕೋಟೆಯ ಅಕ್ಕಾರೊಬ್ಬರು "ನಿಮ್ಮ ಅಂಗಡ್ಯಾಗ ಕುಡದಂಗ ಮನ್ಯಾಗ ಆಗೂದಿಲ್ರಿ, ಮ್ಯಾಲೆ ಕೆನಿಗತೆ ಏನೋ ಕಟ್ಟತೈತಿ" ಎಂದರು. ಅದು ಪುಡಿಯ ದೋಷವಲ್ಲ. ಆ ಕಡೆ ಸುಣ್ಣಕಲ್ಲಿನ ನೆಲ ಇದೆ, ಬೋರಿನ ನೀರು ಗಡಸು. ನೀರಿನಲ್ಲಿರುವ ಸುಣ್ಣದ ಅಂಶ ಚಹಾದ ಪಾಲಿಫಿನಾಲ್ ಜೊತೆ ಸೇರಿ ಪೊರೆ ಕಟ್ಟುತ್ತದೆ. ಬಣ್ಣ ಕಪ್ಪಾಗುತ್ತದೆ, ರುಚಿ ಮಂಕಾಗುತ್ತದೆ. ಬೆಳಗಾವಿಯಲ್ಲಿ ರಾಕಸಕೊಪ್ಪ ಜಲಾಶಯದ ಮಳೆನೀರು ನಲ್ಲಿಗೆ ಬರುವ ಓಣಿಗಳಲ್ಲಿ ಈ ತಾಪತ್ರಯ ಕಡಿಮೆ. ಗಡಸು ನೀರಿನವರು ಎರಡು ಚಹಾ ಹೋಲಿಸಬೇಕೆಂದರೆ ಶುದ್ಧೀಕರಿಸಿದ ನೀರಿನಲ್ಲಿ ಮಾಡಲಿ. ಇಲ್ಲದಿದ್ದರೆ ತುಟ್ಟಿ ಎಲೆ, ಅಗ್ಗದ ಪುಡಿ ಎರಡೂ ಒಂದೇ ಅನ್ನಿಸುತ್ತವೆ.

ಬಣ್ಣ ಬೆರೆಸಿದ ಪುಡಿಯ ಅನುಮಾನ ಇದ್ದರೆ, ಫಿಲ್ಟರ್ ಪೇಪರ್ ಮೇಲೆ ಸ್ವಲ್ಪ ಹರಡಿ ನೀರು ಚಿಮುಕಿಸಿ. ಆಮೇಲೆ ಪುಡಿ ತೆಗೆದು ಪೇಪರನ್ನು ನಲ್ಲಿ ಕೆಳಗೆ ತೊಳೆದು ಬೆಳಕಿಗೆ ಹಿಡಿಯಿರಿ. ಕಲೆ ಉಳಿದಿದ್ದರೆ ಆ ಅಂಗಡಿ ಬಿಡಿ.

ಫ್ಲೇವರ್ ಚಹಾ ಕೊಳ್ಳುವಾಗ ಸಣ್ಣ ಪ್ಯಾಕೆಟ್ಟೇ ಕೊಳ್ಳಿ. ಒಡೆದ ದಿನದಿಂದ ಪರಿಮಳ ಇಳಿಯುತ್ತ ಹೋಗುತ್ತದೆ. ಹಿಂಗು, ಊದಿನಕಡ್ಡಿ, ಸಾಬಾನು ಇಟ್ಟ ಕಪಾಟಿನಲ್ಲಿ ಯಾವ ಚಹಾವನ್ನೂ ಇಡಬೇಡಿ. ಫ್ಲೇವರ್ ಚಹಾ, ಸಾದಾ ಚಹಾ ಒಂದೇ ಡಬ್ಬಿಯಲ್ಲಿ ಬೇಡ. ಬೆಳಗಾವಿಯ ಮಳೆಗಾಲ ಇನ್ನೊಂದು ಕಾಟ. ಕಾರ್ಖಾನೆಯಿಂದ ಬರುವಾಗ ಎಲೆಯಲ್ಲಿ ಶೇ. 3ರ ಆಸುಪಾಸು ತೇವ ಇರುತ್ತದೆ. ಜುಲೈನಲ್ಲಿ ಮುಚ್ಚಳ ಸಡಿಲ ಬಿಟ್ಟರೆ ಎಲೆ ಮೆತ್ತಗಾಗಿ ರುಚಿ ಕೆಡುತ್ತದೆ. ಹಾಗಾಗಿ ಮಳೆ ಹಿಡಿದ ಮೇಲೆ ನಾನು ಕಾಲು ಕಿಲೋಕ್ಕಿಂತ ದೊಡ್ಡ ಪ್ಯಾಕೆಟ್ ಕಟ್ಟುವುದಿಲ್ಲ, ಗಿರಾಕಿಗಳು ಎಷ್ಟು ಬೈದರೂ.