ಲುಸಿಂಡಾ ವಿಲಿಯಮ್ಸ್ ಯಾಕೆ ಮತ್ತೆ ಹಾಡಿದರು?

ರೆಕಾರ್ಡಿಂಗ್‌ಗೆ ಬರುವ ಹೊಸ ಗಾಯಕರಿಗೆ ಒಂದು ಮಾತು ಅರ್ಥ ಮಾಡಿಸುವುದು ಕಷ್ಟ. ಶ್ರುತಿ ಸರಿಯಿದೆ, ತಾಳ ತಪ್ಪಿಲ್ಲ, ಆದರೂ ಟೇಕ್ ಕೂತಿಲ್ಲ ಅಂದರೆ, "ಮಿಕ್ಸ್‌ನಲ್ಲಿ ಸರಿ ಮಾಡಿ ಸರ್" ಅನ್ನುತ್ತಾರೆ. (ಮಿಕ್ಸ್ ಅಂದರೆ ರೆಕಾರ್ಡ್ ಆದ ದನಿ, ವಾದ್ಯಗಳನ್ನು ಆಮೇಲೆ ಹದವಾಗಿ ಬೆರೆಸುವ ಕೆಲಸ.) ಆಗ ನಾನು ಹಾಕಿ ಕೇಳಿಸುವುದು ಗಾಯಕಿ ಲುಸಿಂಡಾ ವಿಲಿಯಮ್ಸ್ ಅವರ 'ಕಾರ್ ವೀಲ್ಸ್ ಆನ್ ಎ ಗ್ರ್ಯಾವೆಲ್ ರೋಡ್' ಆಲ್ಬಮ್ಮನ್ನು.

ಲುಸಿಂಡಾ ವಿಲಿಯಮ್ಸ್ ಹುಟ್ಟಿದ್ದು 1953ರಲ್ಲಿ, ಅಮೆರಿಕದ ಲೂಸಿಯಾನಾದ ಲೇಕ್ ಚಾರ್ಲ್ಸ್‌ನಲ್ಲಿ. ತಂದೆ ಮಿಲ್ಲರ್ ವಿಲಿಯಮ್ಸ್ ಕವಿ. ಮಗಳ ಹಾಡುಗಳು ಪೂರ್ತಿ ಕಂಟ್ರಿಯೂ (ಅಮೆರಿಕದ ಹಳ್ಳಿಗಾಡಿನ ಹಾಡಿನ ಶೈಲಿ) ಅಲ್ಲ, ಬ್ಲೂಸೂ ಅಲ್ಲ, ರಾಕೂ ಅಲ್ಲ. ಕಂಟ್ರಿ ಸಂಗೀತೋದ್ಯಮದ ಊರಲ್ಲಿ ರೇಡಿಯೋಗೆಂದು ನುಣುಪು ಮಾಡಿದ ನ್ಯಾಶ್‌ವಿಲ್ ಕಂಟ್ರಿಗೆ ಒಗ್ಗದ ಇಂಥ ಸಂಗೀತಕ್ಕೇ 'ಆಲ್ಟರ್ನೇಟಿವ್ ಕಂಟ್ರಿ' ಅಂತ ಹೆಸರು ಬಿತ್ತು.

ಈ ಆಲ್ಬಮ್ಮಿನ ರೆಕಾರ್ಡಿಂಗ್ 1995ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಶುರುವಾಯಿತು. ಜೊತೆಗಿದ್ದವರು ಗರ್ಫ್ ಮಾರ್ಲಿಕ್ಸ್. ಅವರು ಲುಸಿಂಡಾರ ಹಳೆಯ ಗಿಟಾರ್ ವಾದಕ, ಹಿಂದಿನ ಎರಡು ಆಲ್ಬಮ್‌ಗಳ ನಿರ್ಮಾಣದಲ್ಲೂ ಇದ್ದವರು. ಕೆಲಸ ಸಾಕಷ್ಟು ಮುಂದೆ ಹೋಗಿತ್ತು. ಈ ನಡುವೆ ಲುಸಿಂಡಾ ಗೆಳೆಯ ಸ್ಟೀವ್ ಅರ್ಲ್ ಅವರ ಆಲ್ಬಮ್‌ಗೆ ಒಂದು ಹಾಡು ಹಾಡಿ ಬಂದರು. ಅಲ್ಲಿ ತಮ್ಮ ದನಿ ಕೇಳಿದ ರೀತಿ ಅವರಿಗೆ ತುಂಬಾ ಹಿಡಿಸಿತು. ಸರಿ, ಅರ್ಲ್ ಮತ್ತು ಎಂಜಿನಿಯರ್ ರೇ ಕೆನಡಿ ಜೊತೆ ನ್ಯಾಶ್‌ವಿಲ್‌ನಲ್ಲಿ ಹೆಚ್ಚುಕಡಿಮೆ ಇಡೀ ಆಲ್ಬಮ್ ಹೊಸದಾಗಿ ರೆಕಾರ್ಡ್ ಆಯಿತು.

ಹಳೆಯ ಟ್ರ್ಯಾಕ್‌ಗೇ ಕಂಪ್ರೆಸರ್ (ಜೋರು ದನಿ, ಮೆಲುದನಿಗಳ ಅಂತರ ಕಡಿಮೆ ಮಾಡುವ ಯಂತ್ರ) ಹಾಕಿ, ರಿವರ್ಬ್ (ದನಿಗೆ ಸೇರಿಸುವ ಪ್ರತಿಧ್ವನಿ) ತೆಗೆದರೆ ಆಗುತ್ತಿರಲಿಲ್ಲವೇ? ಆಗುವುದಿಲ್ಲ. ಹಾಡುವವರು ಹೆಡ್‌ಫೋನ್‌ನಲ್ಲಿ ತಮ್ಮ ದನಿ ಹೇಗೆ ಕೇಳುತ್ತದೋ ಹಾಗೆ ಹಾಡುತ್ತಾರೆ. ದನಿ ತೆಳ್ಳಗೆ, ದೂರದಲ್ಲಿ ಕೇಳಿದರೆ ಗೊತ್ತಿಲ್ಲದೆಯೇ ಜೋರು ಮಾಡುತ್ತಾರೆ, ಗಂಟಲು ಬಿಗಿಯಾಗುತ್ತದೆ. ಮೈಕ್ ಹತ್ತಿರವಿದ್ದು, ಕಂಪ್ರೆಸರ್ ಮೆಲುದನಿಯನ್ನೂ ಎತ್ತಿ ಹಿಡಿದರೆ ಕಿರುಚುವ ಅಗತ್ಯವೇ ಇರುವುದಿಲ್ಲ. ಉಸಿರು, ಪದದ ಕೊನೆಯ ಎಳೆತ, ದನಿ ಒಡೆಯುವ ಜಾಗ ಎಲ್ಲವೂ ಹಾಡಿನೊಳಗೆ ಬರುತ್ತವೆ. ಅಂದರೆ ಬದಲಾಗುವುದು ಬರೀ ಸೌಂಡ್ ಅಲ್ಲ, ಹಾಡುಗಾರಿಕೆಯೇ. ಬಿಗಿದ ಗಂಟಲಲ್ಲಿ ಹಾಡಿದ್ದನ್ನು ಆಮೇಲೆ ಯಾವ ಯಂತ್ರವೂ ಸಡಿಲ ಮಾಡಲಾರದು.

ಲುಸಿಂಡಾಗೆ ಇದು ಇನ್ನೂ ಜಾಸ್ತಿ ಮುಖ್ಯ. ಅವರು ತಾಳಕ್ಕಿಂತ ಒಂದು ಕೂದಲೆಳೆ ಹಿಂದೆ ಹಾಡುತ್ತಾರೆ, ಪದಗಳನ್ನು ಜಗಿದು ಎಳೆಯುತ್ತಾರೆ.  ಶೀರ್ಷಿಕೆ ಹಾಡನ್ನೇ ಕೇಳಿ. ಚಿಕ್ಕ ಮಗುವೊಂದರ ಕಣ್ಣಿಗೆ, ಕಿವಿಗೆ ಬಿದ್ದದ್ದಷ್ಟೇ ಅದರಲ್ಲಿದೆ. ದುಃಖ ಅಂತ ಎಲ್ಲೂ ಬಿಡಿಸಿ ಹೇಳಿಲ್ಲ. ಇಂಥ ಹಾಡನ್ನು ಜೋರು ದನಿಯಲ್ಲಿ ಹಾಡಿದರೆ ಕೆಟ್ಟಿತು.

ಅಲ್ಲಿಗೂ ಮುಗಿಯಲಿಲ್ಲ. ಲಾಸ್ ಏಂಜಲೀಸ್‌ನಲ್ಲಿ, ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ತಂಡದ ಕೀಬೋರ್ಡ್ ವಾದಕ ರಾಯ್ ಬಿಟ್ಟನ್ ಜೊತೆ ಮತ್ತಷ್ಟು ಕೆಲಸ ನಡೆಯಿತು. ರೆಕಾರ್ಡ್ ಕಂಪನಿ ಬದಲಾವಣೆಯ ಗೋಜಲೂ ಸೇರಿಕೊಂಡಿತು. ಅಷ್ಟರಲ್ಲಿ ಪತ್ರಿಕೆಗಳಲ್ಲಿ "ಈಕೆಗೆ ಎಷ್ಟು ಮಾಡಿದರೂ ತೃಪ್ತಿಯಿಲ್ಲ" ಎಂಬ ಧಾಟಿಯ ಬರಹಗಳು ಬಂದವು. ಗಂಡಸು ಮೂರು ಸಲ ರೆಕಾರ್ಡ್ ಮಾಡಿದರೆ ಶ್ರದ್ಧೆ, ಹೆಂಗಸು ಮಾಡಿದರೆ ರಗಳೆ. ಸ್ಟುಡಿಯೋಗಳಲ್ಲಿ ಇದು ನನಗೆ ಹೊಸದೇನಲ್ಲ.

1998ರ ಜೂನ್‌ನಲ್ಲಿ ಮರ್ಕ್ಯುರಿ ಕಂಪನಿ 13 ಹಾಡುಗಳ ಈ ಆಲ್ಬಮ್ಮನ್ನು ಹೊರತಂದಿತು. ಸಮಕಾಲೀನ ಜಾನಪದ ವಿಭಾಗದಲ್ಲಿ ಗ್ರ್ಯಾಮಿ ಸಿಕ್ಕಿತು. ವಿಲೇಜ್ ವಾಯ್ಸ್ ಪತ್ರಿಕೆಯ ವಿಮರ್ಶಕರ ಮತದಾನದಲ್ಲಿ ಆ ವರ್ಷದ ಮೊದಲ ಸ್ಥಾನವೂ ಬಂತು. ಆದರೆ ಮಾರ್ಲಿಕ್ಸ್ ಅಷ್ಟರಲ್ಲಿ ತಂಡ ಬಿಟ್ಟು ಹೋಗಿದ್ದರು. ಅವರ ಕಡೆಯಿಂದ ನೋಡಿದರೆ ಅದರಲ್ಲಿ ತಪ್ಪೂ ಕಾಣುವುದಿಲ್ಲ. ತಾನು ಕೂತು ಕಟ್ಟಿದ್ದನ್ನು ಬೇರೆಯವರ ಸ್ಟುಡಿಯೋದಲ್ಲಿ ಬುಡದಿಂದ ಕಟ್ಟುವಾಗ ಯಾರು ತಾನೇ ಸುಮ್ನೆ ನಿಂತು ನೋಡುತ್ತಾರೆ?