ಪದ ಪರಿಚಯ: ಬೇಸ್ ಅಂದ್ರೆ ಸೌಂಡ್ ಜಾಸ್ತಿ ಅಂತಲ್ಲ

ಸೆಕೆಂಡ್ ಹ್ಯಾಂಡ್ ಕಾರಿನ ಜಾಹೀರಾತುಗಳಲ್ಲಿ ಒಂದು ಸಾಲು ಕಾಯಂ. ಸಿಂಗಲ್ ಓನರ್, ಹೊಸ ಟೈರ್, ಮ್ಯೂಸಿಕ್ ಸಿಸ್ಟಮ್ ಫುಲ್ ಬೇಸ್. ಅದನ್ನು ಹೇಗೋ ಸಹಿಸಿಕೊಂಡಿದ್ದೆ. ಈಗ 'ಮಯಾಮಿ ಬೇಸ್ ಮಿಕ್ಸ್' ಅಂತ ಹೆಸರಿಟ್ಟ ವಿಡಿಯೊಗಳು ಗ್ರೂಪುಗಳಲ್ಲಿ ಓಡಾಡುತ್ತಿವೆ. ತೆರೆದರೆ ನಮ್ಮದೇ ಸಿನಿಮಾ ಹಾಡು. ವಾಲ್ಯೂಮ್ ಎಳೆದೆಳೆದು ಕರಕರ ಅನ್ನಿಸಿದ್ದಾರೆ, ಅಷ್ಟೇ. ಅದರಲ್ಲಿ ಮಯಾಮಿಯೂ ಇಲ್ಲ, ಬೇಸೂ ಇಲ್ಲ. ಸಾಕಾಗಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೋಜಲು. ಕನ್ನಡದಲ್ಲಿ 'ಬೇಸ್' ಅಂತ ಬರೆದರೆ ಅದು ಕನಿಷ್ಠ ಮೂರು ಪದ. ಒಂದು, ಕಂಬದ ಬೇಸ್, ಮೇಕಪ್ಪಿನ ಬೇಸ್, ಅಂದರೆ ತಳ. ಇನ್ನೊಂದು, ಹಾಡಿನ ಬೇಸ್. ಮತ್ತೊಂದು ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯದು. ಅಲ್ಲಿ 'ಬೇಸ್ ಐತಿ' ಅಂದರೆ ಚೆನ್ನಾಗಿದೆ ಅಂತ. ಹಾಗಾಗಿ ರಾಯಚೂರಿನವರು ಯಾರಾದರೂ ಕಾರಿನ ಸ್ಟೀರಿಯೊ ಕೇಳಿ 'ಬೇಸ್ ಐತಿ' ಅಂದರೆ ಎರಡು ಅರ್ಥವೂ ಸರಿಯಾಗಬಹುದು. ಆ ಬೇಸನ್ನು ಅಲ್ಲಿಯೇ ಬಿಡೋಣ. ತೊಂದರೆ ಇರುವುದು ಮೊದಲೆರಡರಲ್ಲಿ.

'ಬೇಸ್ ಅಂದ್ರೆ ಹಾಡಿನ ಫೌಂಡೇಶನ್ ಸಾರ್, ಅದಕ್ಕೇ ಆ ಹೆಸರು.' ಸೌಂಡ್ ಅಂಗಡಿಗಳಲ್ಲಿ ಈ ವಿವರಣೆ ಬಹಳ ಚಾಲ್ತಿಯಲ್ಲಿದೆ. ಕೇಳೋಕೆ ಚೆನ್ನಾಗಿದೆ. ಆದರೆ ತಪ್ಪು.

ತಳ ಅನ್ನುವ ಬೇಸ್ ಬಂದದ್ದು ಗ್ರೀಕಿನ 'ಬಾಸಿಸ್'ನಿಂದ. ಅದರ ಹಳೆಯ ಅರ್ಥ ಹೆಜ್ಜೆ. ಆಮೇಲೆ ಹೆಜ್ಜೆ ಊರುವ ಜಾಗ, ಆಮೇಲೆ ಪೀಠ. ಮಜಾ ಇರುವುದು ಇದರ ಬೇರಿನಲ್ಲಿ. ಈ ಬಾಸಿಸ್ ಮತ್ತು ಸಂಸ್ಕೃತದ 'ಗತಿ' ಎರಡೂ ಒಂದೇ ಹಳೆಯ ಪದದ ಮಕ್ಕಳು. ಮೂಲ ಭಾಷೆಯಲ್ಲಿ 'ಗ್ವ' ಅನ್ನುವಂಥ ಒಂದು ಶಬ್ದ ಇತ್ತು. ಅದು ಗ್ರೀಕಿನಲ್ಲಿ 'ಬ' ಆಯಿತು, ಸಂಸ್ಕೃತದಲ್ಲಿ 'ಗ' ಆಯಿತು. ಗಮನ, ಆಗಮನ, ಇಂಗ್ಲಿಷಿನ 'ಕಮ್' ಎಲ್ಲ ಇದೇ ಮನೆಯವು. ತಾಳದ ಗತಿ ಅಂತೀವಲ್ಲ, ಅದಕ್ಕೂ ಕಂಬದ ಬೇಸಿಗೂ ದೂರದ ನೆಂಟಸ್ತನ ಇದೆ. ಹಾಡಿನ ಬೇಸಿಗೆ ಮಾತ್ರ ಇಲ್ಲ.

ಹಾಡಿನ ಬೇಸ್ ಲ್ಯಾಟಿನ್ನಿನ 'ಬಾಸುಸ್' ಕಡೆಯದು. ಕುಳ್ಳ, ತಗ್ಗು ಅಂತ ಅರ್ಥ. ಉದ್ದ ಕಿವಿ, ಗಿಡ್ಡ ಕಾಲಿನ ಬಾಸೆಟ್ ಹೌಂಡ್ ನಾಯಿಗೆ ಆ ಹೆಸರು ಬಂದದ್ದೂ ಇಲ್ಲಿಂದಲೇ. ಇಟಲಿಯವರು ಗಂಡಸಿನ ಅತಿ ತಗ್ಗಿನ ಕಂಠಕ್ಕೆ 'ಬಾಸ್ಸೊ' ಅಂದರು. ಇಂಗ್ಲಿಷಿನಲ್ಲಿ ಈ ಪದ ಮೊದಲೇ ಇತ್ತು, 'ಬೇಸ್' ಅಂತಲೇ ಅನ್ನುತ್ತಿದ್ದರು. ಇಟಲಿಯ ಸಂಗೀತದ ಮೋಹದಲ್ಲಿ ಸ್ಪೆಲಿಂಗ್ ಬದಲಾಯಿಸಿದರು, ಉಚ್ಚಾರಣೆ ಹಳೆಯದೇ ಉಳಿಯಿತು. ಅದಕ್ಕೇ ಸ್ಪೆಲಿಂಗ್ ನೋಡಿ 'ಬ್ಯಾಸ್' ಅಂತ ಓದುವವರು ಗೊತ್ತಿಲ್ಲದೆ ಒಂದು ಮೀನಿನ ಹೆಸರು ಹೇಳುತ್ತಿರುತ್ತಾರೆ. 'ಬಾಸ್ ಜಾಸ್ತಿ ಬೇಕು' ಅಂತ ಬರೆಯುವವರೂ ಇದ್ದಾರೆ. ಇರುವ ಬಾಸ್‌ಗಳೇ ಸಾಕಲ್ವಾ?

ಒಟ್ಟಿನಲ್ಲಿ ಪದದ ಅರ್ಥ ತಗ್ಗು. ಸ್ವರ ತಗ್ಗು ಅಂತ, ಸದ್ದು ತಗ್ಗು ಅಂತಲ್ಲ. ಇಲ್ಲಿ ಕನ್ನಡವೂ ಸ್ವಲ್ಪ ಕೈಕೊಡುತ್ತದೆ. 'ದನಿ ತಗ್ಗಿಸಿ ಮಾತಾಡು' ಅಂದರೆ ನಮಗೆ ಮೆಲ್ಲಗೆ ಮಾತಾಡು ಅಂತ. 'ದನಿ ಏರಿಸಿದ' ಅಂದರೆ ಜೋರು ಮಾಡಿದ ಅಂತ. ಸ್ವರದ ಎತ್ತರಕ್ಕೂ ಸದ್ದಿನ ಜೋರಿಗೂ ಒಂದೇ ಏಣಿ ಬಳಸುವ ಅಭ್ಯಾಸ. ಆದರೆ ಸಂಗೀತ ಪಾಠಕ್ಕೆ ಹೋದವರಿಗೆ ಮಂದ್ರ, ಅಂದರೆ ಕೆಳಗಿನ ಸ್ಥಾಯಿ, ಗೊತ್ತು. ಮಂದ್ರದ ಪಂಚಮ ಹಿಡಿ ಅಂದರೆ ಯಾರೂ ಕಿರುಚುವುದಿಲ್ಲ. ಮೃದಂಗದ ಎಡಗಡೆಗೆ ಕಚೇರಿಗೆ ಮುಂಚೆ ರವೆ ಕಲಸಿ ಮೆತ್ತುತ್ತಾರಲ್ಲ, ಅದು ಜೋರು ಮಾಡೋಕಲ್ಲ. ಚರ್ಮಕ್ಕೆ ತೂಕ ಸೇರಿಸಿದರೆ ಅದು ನಿಧಾನ ಅದುರುತ್ತದೆ, ಸ್ವರ ಕೆಳಗಿಳಿಯುತ್ತದೆ. ಅದೇ ಬೇಸ್.

ಹಾಗಾದರೆ ಬೇಸಿಗೆ ದೊಡ್ಡ ಸ್ಪೀಕರ್, ದೊಡ್ಡ ಆಂಪ್ಲಿಫೈಯರ್ ಯಾಕೆ? ನಮ್ಮ ಕಿವಿಯ ದೆಸೆಯಿಂದ. ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ಗ್ರಾಫ್ ಹಾಕಿಟ್ಟಿದ್ದಾರೆ. ಕೆಳಗಿನ ಸ್ವರಗಳಿಗೆ ಕಿವಿ ಸ್ವಲ್ಪ ಮಂದ. 1000 ಹರ್ಟ್ಸ್ (ಅಂದರೆ ಸೆಕೆಂಡಿಗೆ 1000 ಸಲ ಅದುರುವ) ಸ್ವರ ಕೇಳಿಸೋಕೆ ಶುರುವಾಗುವ ಮಟ್ಟಕ್ಕಿಂತ 40 ಹರ್ಟ್ಸ್ ಸ್ವರಕ್ಕೆ ಸುಮಾರು 50 ಡೆಸಿಬೆಲ್ ಜಾಸ್ತಿ ಬೇಕು. ಪ್ರತಿ 10 ಡೆಸಿಬೆಲ್‌ಗೆ ಶಕ್ತಿ 10 ಪಟ್ಟು. ಅಂದರೆ ಸುಮಾರು 1 ಲಕ್ಷ ಪಟ್ಟು, ಅದೂ ಸುಮ್ನೆ ಕೇಳಿಸೋಕೆ! ಬೇಸ್‌ಗೆ ಕರೆಂಟ್ ಜಾಸ್ತಿ ಬೇಕು ಅನ್ನುವುದು ನಿಜ. ಕರೆಂಟ್ ಜಾಸ್ತಿ ಹಾಕಿದ್ದೆಲ್ಲ ಬೇಸ್ ಅನ್ನುವುದು ಸುಳ್ಳು.

ಈಗ ಮಯಾಮಿ. ಮಯಾಮಿ ಬೇಸ್ ಅನ್ನುವುದು ಈಕ್ವಲೈಸರ್‌ನಲ್ಲಿ ಒತ್ತುವ ಬಟನ್ ಅಂದುಕೊಂಡವರು ದಯವಿಟ್ಟು ಇಲ್ಲಿ ನಿಲ್ಲಿ. ಅದು 1980ರ ದಶಕದ ನಡುವೆ ಫ್ಲಾರಿಡಾದ ಮಯಾಮಿಯಲ್ಲಿ ಹುಟ್ಟಿದ ಹಿಪ್ ಹಾಪ್. ಲಿಬರ್ಟಿ ಸಿಟಿ, ಓವರ್‌ಟೌನ್‌ನಂಥ ಕಪ್ಪು ಜನರ ಬಡಾವಣೆಗಳ ಸಂಗೀತ. ಪಾರ್ಕುಗಳಲ್ಲಿ ಡಿಜೆಗಳು ಆಳೆತ್ತರದ ಸ್ಪೀಕರ್ ಪೆಟ್ಟಿಗೆ ಜೋಡಿಸಿ ಪಾರ್ಟಿ ಮಾಡುತ್ತಿದ್ದರು. ಜಮೈಕಾದ ಸೌಂಡ್ ಸಿಸ್ಟಮ್ ಪದ್ಧತಿಯ ಪ್ರಭಾವ ಅಲ್ಲಿ ಎದ್ದು ಕಾಣುತ್ತದೆ. ನ್ಯೂಯಾರ್ಕಿನ ರ‍್ಯಾಪ್‌ಗಿಂತ ಇದರ ಓಟ ಜಾಸ್ತಿ. ಮಾತು ಕಮ್ಮಿ, ಕುಣಿತ ಜಾಸ್ತಿ. ರ‍್ಯಾಪರ್ ಎಂಸಿ ಎ.ಡಿ.ಇ.ಯ 1985ರ 'ಬೇಸ್ ರಾಕ್ ಎಕ್ಸ್‌ಪ್ರೆಸ್' ಈ ಬಗೆಯ ಮೊದಮೊದಲ ಹಾಡುಗಳಲ್ಲಿ ಒಂದು.

ಇದರ ಹೊಟ್ಟೆಯೊಳಗೆ ಇರುವ ಯಂತ್ರ ರೋಲಂಡ್ ಕಂಪನಿಯ ಟಿಆರ್-808. ಜಪಾನಿನ ಈ ಡ್ರಮ್ ಮಶೀನ್ ಬಂದದ್ದು 1980ರಲ್ಲಿ. ಬೆಲೆ 1,195 ಡಾಲರ್. ಆಗಲೇ ಬಂದಿದ್ದ ಲಿನ್ ಕಂಪನಿಯ ಮಶೀನ್‌ನಲ್ಲಿ ನಿಜವಾದ ಡ್ರಮ್ಮಿನ ರೆಕಾರ್ಡಿಂಗ್ ಇತ್ತು, ಅದಕ್ಕೆ ಹೆಚ್ಚುಕಡಿಮೆ 5,000 ಡಾಲರ್. 808ರಲ್ಲಿ ರೆಕಾರ್ಡಿಂಗ್ ಇಲ್ಲ, ಎಲ್ಲ ಸರ್ಕ್ಯೂಟಿನಲ್ಲೇ ಹುಟ್ಟಬೇಕು. ಡ್ರಮ್ಮಿನ ಹಾಗೆ ಕೇಳಿಸುವುದೇ ಇಲ್ಲ ಅಂತ ಆಗ ಮೂಗು ಮುರಿದರು. 1983ರಲ್ಲಿ ತಯಾರಿಕೆ ನಿಂತಿತು. ಆಗಿದ್ದು 12,000ದ ಆಸುಪಾಸು. ಹಳೆಯ ಪೆಟ್ಟಿಗೆಗಳು ಅಗ್ಗಕ್ಕೆ ಸಿಕ್ಕಿದ್ದು ಹುಡುಗರಿಗೆ ಅನುಕೂಲವೇ ಆಯಿತು.

ಅದರ ಬೇಸ್ ಡ್ರಮ್ಮಿಗೆ 'ಡಿಕೇ' ಅಂತ ಒಂದು ತಿರುಗುಗುಂಡಿ ಇದೆ. ಎಡಕ್ಕಿದ್ದರೆ 'ದುಮ್'. ಪೂರ್ತಿ ಬಲಕ್ಕೆ ತಿರುಗಿಸಿದರೆ 'ದೂಊಊಮ್'. ಸುಮಾರು 50 ಹರ್ಟ್ಸ್‌ನ ಒಂದು ಸ್ವರ ಮೆಲ್ಲಗೆ ಕರಗುತ್ತ ಉಳಿಯುತ್ತದೆ. ಏಟು ಹೋಗಿ ಸ್ವರ ಆಗುವ ಜಾಗ ಅದು. ಮಯಾಮಿಯವರು ಆ ಗುಂಡಿಯ ಕೊನೆಯಲ್ಲೇ ಮನೆ ಮಾಡಿದರು. ಇವತ್ತು ರ‍್ಯಾಪ್ ಮಾಡುವವರು '808 ಹಾಕು' ಅನ್ನುವಾಗ ಹೇಳುತ್ತಿರುವುದು ಈ ಬಾಲವನ್ನೇ. ಹಾಗಂತ ಎಲ್ಲ ಬೇಸ್ ಡ್ರಮ್ಮಿಗೂ 808 ಅನ್ನಬೇಡಿ.

ಈ ಸಂಗೀತ ಅರ್ಥವಾಗಬೇಕಾದರೆ ನಾನು ಕೊಡುವ ಹಾಡು ಒಂದೇ. 1988ರ 'ಕಾರ್ಸ್ ದಟ್ ಗೋ ಬೂಮ್'. ಹಾಡಿದ್ದು ಎಲ್'ಟ್ರಿಮ್, ಅಂದರೆ ಟೈಗ್ರಾ ಮತ್ತು ಬನ್ನಿ ಡಿ ಅನ್ನುವ ಮಯಾಮಿಯ ಇಬ್ಬರು ಹದಿಹರೆಯದ ಹುಡುಗಿಯರು. ಮಯಾಮಿ ಬೇಸ್ ಅಂದಕೂಡಲೇ ಜನ ಟು ಲೈವ್ ಕ್ರೂ ಅನ್ನುವ ತಂಡದ ಹೆಸರು ತೆಗೆಯುತ್ತಾರೆ. ಅವರ 1989ರ ಆಲ್ಬಮ್ ಅಶ್ಲೀಲ ಅಂತ 1990ರಲ್ಲಿ ಫೆಡರಲ್ ನ್ಯಾಯಾಧೀಶರು ಹೇಳಿದ್ದು, 1992ರಲ್ಲಿ ಮೇಲಿನ ಕೋರ್ಟ್ ಅದನ್ನು ತಳ್ಳಿಹಾಕಿದ್ದು ದೊಡ್ಡ ಕಥೆ. ಆದರೆ ಆ ಗಲಾಟೆಯಿಂದಾಗಿ ಇಡೀ ಪ್ರಕಾರವೇ ಪೋಲಿ ಅಂತ ಹೆಸರು ಬಂತು. ಎಲ್'ಟ್ರಿಮ್ ಕೇಳಿದರೆ ಆ ಮಾತು ನಿಲ್ಲುವುದಿಲ್ಲ. ಇಬ್ಬರೂ ಜಡೆ ಹಾಕಿಕೊಳ್ಳುತ್ತ ಹರಟೆ ಹೊಡೆಯುವ ದನಿಯಲ್ಲೇ ರ‍್ಯಾಪ್ ಮಾಡುತ್ತಾರೆ. ವಿಷಯ ಇಷ್ಟೇ: ನಮಗೆ ಬೂಮ್ ಅನ್ನುವ ಕಾರು ಇಷ್ಟ, ನಿನ್ನ ಸ್ಪೀಕರಿಗೆ ದಮ್ಮಿಲ್ಲದಿದ್ದರೆ ಆಫ್ ಮಾಡು. ಹುಡುಗಿಯರನ್ನು ಮೆಚ್ಚಿಸೋಕೆ ಅಂತ ಹುಡುಗರು ಸಂಬಳವೆಲ್ಲ ಡಿಕ್ಕಿಗೆ ಸುರಿದಿರುತ್ತಾರೆ. ಇಲ್ಲಿ ಹುಡುಗಿಯರೇ ತೀರ್ಪುಗಾರರಾಗಿ ಕೂತಿದ್ದಾರೆ. ಹಾಡಿನ ತಮಾಷೆ ಪೂರ್ತಿ ಅದರಲ್ಲಿದೆ. ಕೆಳಗೆ 808 ಉರುಳುತ್ತಿದೆ, ಮೇಲೆ ತೆಳ್ಳನೆಯ ಎರಡು ದನಿ. ನಡುವೆ ಬಹುತೇಕ ಖಾಲಿ. ಆ ಖಾಲಿ ಜಾಗ ಇರುವುದರಿಂದಲೇ ಬೇಸ್ ಗೊತ್ತಾಗುತ್ತದೆ. ಎಲ್ಲವನ್ನೂ ತುಂಬಿಸಿ ಎಲ್ಲವನ್ನೂ ಏರಿಸಿದರೆ ಬೇಸ್ ಎಲ್ಲಿ ಕೂರಬೇಕು?

ಇವು ಬೇಸಿಗೆಯ ಹಾಡುಗಳು. (ಬೇಸಿಗೆಗೂ ಬೇಸ್‌ಗೂ ಸಂಬಂಧವಿಲ್ಲ. ಕಾಮೆಂಟಿನಲ್ಲಿ ಬರೆಯಬೇಡಿ.) ಅಮೆರಿಕದ ಬೇಸಿಗೆ ಅಂದರೆ ಜೂನ್‌ನಿಂದ ಆಗಸ್ಟ್, ಶಾಲೆಗೆ ರಜೆ, ಕಾರಿನ ಗಾಜು ಕೆಳಗೆ. 1993ರ ಬೇಸಿಗೆಯಲ್ಲಿ ಅಟ್ಲಾಂಟಾದ ಟ್ಯಾಗ್ ಟೀಮ್ ಹಾಡಿದ 'ವೂಂಪ್! ದೇರ್ ಇಟ್ ಈಸ್' ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತು. ಅದೂ ಇದೇ ಮಯಾಮಿ ಬೇರಿನ ಗಿಡ.

ಕಾರೇ ಯಾಕೆ? ಇಲ್ಲಿ ಇನ್ನೊಂದು ತಪ್ಪು ಕಲ್ಪನೆ ಇದೆ. 40 ಹರ್ಟ್ಸ್‌ನ ಅಲೆ ಸುಮಾರು 8.5 ಮೀಟರ್ ಉದ್ದ, ಕಾರಿನೊಳಗೆ ಅಷ್ಟು ಜಾಗವೇ ಇಲ್ಲ, ಹಾಗಾಗಿ ಬೇಸ್ ಹೊರಗೇ ಚೆನ್ನಾಗಿ ಕೇಳಿಸುವುದು ಅಂತ ವಾದಿಸುತ್ತಾರೆ. ಉಲ್ಟಾ. ಅಲೆ ಹಿಡಿಸದಷ್ಟು ಚಿಕ್ಕ ಡಬ್ಬಿಯಾದ್ದರಿಂದಲೇ ಒಳಗಿನ ಗಾಳಿಯೆಲ್ಲ ಒಟ್ಟಿಗೆ ಒತ್ತಿ ಬಿಡುತ್ತದೆ, ಸೈಕಲ್ ಪಂಪಿನ ಹಾಗೆ. ಸ್ವರ ಕೆಳಗೆ ಹೋದಷ್ಟೂ ಕಾರಿನ ಕ್ಯಾಬಿನ್ ಅದಕ್ಕೆ ಬಲ ಕೊಡುತ್ತದೆ. ಮನೆಯ ಹಾಲ್‌ನಲ್ಲಿ ಸಪ್ಪೆ ಅನ್ನಿಸುವ ಅದೇ ವೂಫರ್ (ಬೇಸ್‌ಗೆಂದೇ ಇರುವ ಸ್ಪೀಕರ್) ಡಿಕ್ಕಿಯಲ್ಲಿಟ್ಟರೆ ಎದೆಗೆ ಗುದ್ದುತ್ತದೆ.

ಹೊರಗೆ ನಿಂತವರ ಪಾಡು ಬೇರೆ. ಗಾಜು, ತಗಡು ಮೇಲಿನ ಸ್ವರಗಳನ್ನು ತಡೆಯುತ್ತವೆ, ಕೆಳಗಿನವನ್ನು ಬಿಟ್ಟುಬಿಡುತ್ತವೆ. ಸಿಗ್ನಲ್‌ನಲ್ಲಿ ಪಕ್ಕದ ಕಾರಿನಿಂದ ಬರೀ ಧಡ್ ಧಡ್ ಬರುವುದು ಅದಕ್ಕೆ. ಜೊತೆಗೆ ಒಂದು ಗರ್ರ್ ಅನ್ನುವ ಸದ್ದು ಇರುತ್ತದಲ್ಲ, ಮುಂದಿನ ಸಲ ಅದರ ನಂಬರ್ ಪ್ಲೇಟ್ ನೋಡಿ. ಒಂದು ಸ್ಕ್ರೂ ಸಡಿಲವಾಗಿ ತಗಡು ಬಂಪರಿಗೆ ಬಡಿಯುತ್ತಿರುತ್ತದೆ. ಅಥವಾ ಡಿಕ್ಕಿಯ ಬಾಗಿಲೇ ಅದುರುತ್ತಿರುತ್ತದೆ. 'ಏನ್ ಬೇಸ್ ಗುರು' ಅಂತ ಜನ ಮೆಚ್ಚುವುದು ಎಷ್ಟೋ ಸಲ ಈ ತಗಡನ್ನೇ. ಆ ಗರ್ರ್ ಸದ್ದು ಬೇಸ್‌ಗಿಂತ ಎಷ್ಟೋ ಮೇಲಿನ ಸ್ವರ. ಕಸುಬು ಗೊತ್ತಿರುವ ಅಂಗಡಿಯವರು ವೂಫರ್ ಕೂರಿಸುವ ಮುಂಚೆ ಬಾಗಿಲಿಗೆ, ಡಿಕ್ಕಿಗೆ ಡ್ಯಾಂಪಿಂಗ್ ಶೀಟ್ ಅಂಟಿಸುವುದು ಅದನ್ನು ಸುಮ್ಮನಾಗಿಸೋಕೆ.

ಇನ್ನು ವ್ಯಾಟ್. ನಮ್ಮ ಅಂಗಡಿಗಳ ಡಬ್ಬಿಗಳ ಮೇಲೆ ಪಿಎಂಪಿಒ ಅಂತ ಸಾವಿರಗಟ್ಟಲೆ ವ್ಯಾಟ್ ಬರೆದಿರುತ್ತದೆ. ಆ ಸಂಖ್ಯೆಯನ್ನು ಅಳೆಯೋಕೆ ಎಲ್ಲರೂ ಒಪ್ಪಿದ ಕ್ರಮವೇ ಇಲ್ಲ, ಬಾಯಿಗೆ ಬಂದದ್ದು ಬರೆಯಬಹುದು. ನೋಡಬೇಕಾದದ್ದು ಸತತವಾಗಿ ಎಷ್ಟು ಶಕ್ತಿ ಕೊಡುತ್ತದೆ ಅನ್ನುವ ಆರ್‌ಎಂಎಸ್. ಕಾರಿನ ಡ್ಯಾಶ್‌ಬೋರ್ಡಿನ ಸ್ಟೀರಿಯೊ ಒಂದು ಚಾನೆಲ್ಲಿಗೆ ನಿಜವಾಗಿ ಕೊಡುವುದು 20 ವ್ಯಾಟ್ ಆಸುಪಾಸು. ಅದರಿಂದ ಬೇಸ್ ಹಿಂಡಲು ಹೋದರೆ ಅಲೆಯ ತುದಿ ಕತ್ತರಿಸಿಹೋಗಿ ಕರಕರ ಶುರುವಾಗುತ್ತದೆ. 'ಬೇಸ್ ಬೂಸ್ಟೆಡ್' ವಿಡಿಯೊಗಳಲ್ಲಿ ಕೇಳಿಸುವುದೂ ಇದೇ. ಅದನ್ನು ಫೋನಿನ ಸ್ಪೀಕರಿನಲ್ಲಿ ಕೇಳಿ ತಲೆದೂಗುವವರಿಗೆ ಏನು ಹೇಳಲಿ? ಅಷ್ಟು ಪುಟ್ಟ ಸ್ಪೀಕರಿನಿಂದ 50 ಹರ್ಟ್ಸ್ ಹೊರಗೆ ಬರುವುದೇ ಇಲ್ಲ.

ಪದಗಳನ್ನು ಹೀಗೆ ಎಳೆದಾಡುವುದರಲ್ಲಿ ನಾವು ಪಳಗಿದ್ದೇವೆ ಬಿಡಿ. ಗಣೇಶನ ಮೆರವಣಿಗೆಯಲ್ಲಿ 'ಡಿಜೆ' ಅಂದರೆ ಮನುಷ್ಯನಲ್ಲ, ಲಾರಿ ಮೇಲಿನ ಪೆಟ್ಟಿಗೆಗಳು. 'ಡಿಜೆಗೆ ಪರ್ಮಿಷನ್ ಇಲ್ಲ' ಅಂತ ಪೊಲೀಸರೂ ಅದೇ ಅರ್ಥದಲ್ಲಿ ಹೇಳುತ್ತಾರೆ. ಅದು ಬೇರೂರಿದ ಬಳಕೆ, ನನ್ನ ತಕರಾರಿಲ್ಲ.

ಬೇಸ್ ಪದವನ್ನು ಎಷ್ಟು ಚೊಕ್ಕವಾಗಿ ಬಳಸಬಹುದು ಅಂತ ನೋಡಬೇಕಾದರೆ ಆ ಸಂಗೀತ ಹುಟ್ಟಿದ ಫ್ಲಾರಿಡಾದ ಟ್ರಾಫಿಕ್ ನಿಯಮ ಓದಿ. ಕಾರಿನ ಸಂಗೀತ 25 ಅಡಿ ದೂರಕ್ಕೆ ಸ್ಪಷ್ಟವಾಗಿ ಕೇಳಿಸಿದರೆ ದಂಡ ಅನ್ನುವ ಕಾನೂನು ಅಲ್ಲಿತ್ತು. ವ್ಯಾಪಾರದ, ರಾಜಕೀಯದ ಗಾಡಿಗಳಿಗೆ ವಿನಾಯಿತಿ ಕೊಟ್ಟಿದ್ದಕ್ಕೆ 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2022ರಲ್ಲಿ ಆ ವಿನಾಯಿತಿ ತೆಗೆದು ಕಾನೂನನ್ನು ಮತ್ತೆ ತಂದರು. ಆ ಹಳೆಯ ಕಾನೂನಿನ ಜೊತೆಗಿದ್ದ ನಿಯಮದಲ್ಲಿ 'ಸ್ಪಷ್ಟವಾಗಿ ಕೇಳಿಸುವುದು' ಅಂದರೆ ಏನು ಅಂತ ಬಿಡಿಸಿ ಹೇಳಿದ್ದರು. ಪೊಲೀಸರಿಗೆ ಹಾಡಿನ ಮಾತು ಕೇಳಿಸಬೇಕಿಲ್ಲ. ಹಾಡು ಯಾವುದು ಅಂತಲೂ ತಿಳಿಯಬೇಕಿಲ್ಲ. ಲಯಕ್ಕೆ ಸರಿಯಾಗಿ ಗುಂಯ್‌ಗುಟ್ಟುವ ಬೇಸ್ ಗೊತ್ತಾದರೆ ಸಾಕು, ದಂಡದ ಚೀಟಿ ಹರಿದು ಕೊಡಬಹುದು.