ಫ್ಲೋರೈಡ್ ಹೀರುವ ಅಲ್ಯುಮಿನಾ: ಜಾರಿನ ಲೆಕ್ಕ ಬೇರೆ, ಕಾಲಂನ ಲೆಕ್ಕ ಬೇರೆ

ಕುಡಿಯುವ ನೀರಿನಿಂದ ಫ್ಲೋರೈಡ್ ತೆಗೆಯುವ ವಿಧಾನಗಳನ್ನು ಈ ಸೆಮಿಸ್ಟರಿನಲ್ಲಿ ಓದುತ್ತಿರುವ ನಾನು, ಸಕ್ರಿಯ ಅಲ್ಯುಮಿನಾ (ಸೂಕ್ಷ್ಮ ರಂಧ್ರಗಳಿರುವ ಅಲ್ಯುಮಿನಿಯಂ ಆಕ್ಸೈಡ್ ಕಣಗಳು) ಫ್ಲೋರೈಡನ್ನು ತನ್ನ ಮೇಲ್ಮೈಯಲ್ಲಿ ಹಿಡಿದುಕೊಳ್ಳುವ ಮೇಲ್ಮೈಹೀರಿಕೆಯ ಒಂದೇ ಒಂದು ಲೆಕ್ಕದಲ್ಲಿ ಎರಡು ವಾರ ಸಿಕ್ಕಿಕೊಂಡಿದ್ದೆ. ನಿನ್ನೆ ಸಂಜೆ ಅದು ಬಿಡಿಸಿಕೊಂಡಿತು. ಮರೆಯುವ ಮುನ್ನ ಬರೆದಿಟ್ಟರೆ ನನಗೂ ಗಟ್ಟಿಯಾಗುತ್ತದೆ, ಇದೇ ವಿಷಯ ಓದುತ್ತಿರುವ ಬೇರೆಯವರಿಗೂ ನೆರವಾಗಬಹುದು ಎಂದು ಈ ಟಿಪ್ಪಣಿಯನ್ನು ಬರೆಯುತ್ತಿದ್ದೇನೆ. ಫ್ಲೋರೋಸಿಸ್ ರೋಗದ ಲಕ್ಷಣಗಳನ್ನು ಇಲ್ಲಿ ವಿವರಿಸುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯವರಿಗೆ ಕಂದುಗಟ್ಟಿದ ಹಲ್ಲು, ಬಗ್ಗಲಾರದ ಬೆನ್ನು ಹೊಸ ಸಂಗತಿಯಲ್ಲ.

ಮಿತಿಗಳನ್ನು ಮಾತ್ರ ನೆನಪಿಟ್ಟುಕೊಳ್ಳಬೇಕು. ಭಾರತೀಯ ಮಾನಕ 10500ರ 2012ರ ಆವೃತ್ತಿಯ ಪ್ರಕಾರ ಲೀಟರಿಗೆ 1.0 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ನೀರಿನ ಮೂಲವೇ ಇಲ್ಲದಿದ್ದಾಗ 1.5ರವರೆಗೆ ಅನುಮತಿಯಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮೌಲ್ಯವೂ 1.5.

ಸುಣ್ಣ ಮಾತ್ರ ಹಾಕಿದರೆ ಏಕೆ ಸಾಲದು

ಕ್ಯಾಲ್ಸಿಯಂ ಫ್ಲೋರೈಡ್ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ಹಾಗಿದ್ದಮೇಲೆ ಕ್ಯಾಲ್ಸಿಯಂ ಸೇರಿಸಿ ಫ್ಲೋರೈಡನ್ನು ತಳಕ್ಕೆ ಇಳಿಸಬಹುದಲ್ಲ ಎಂಬ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಅದು ಎಷ್ಟರಮಟ್ಟಿಗೆ ಕರಗಬಲ್ಲದೆಂದು ತಿಳಿಸುವ ವಿಲೇಯತಾ ಗುಣಲಬ್ಧವನ್ನು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 3.45 ಗುಣಿಸು 10ರ ಘಾತ ಋಣ 11 ಎಂದು ಹಿಡಿದು, ಅಯಾನುಗಳ ಪರಸ್ಪರ ಪ್ರಭಾವವನ್ನು ಕೈಬಿಟ್ಟು ಲೆಕ್ಕ ಹಾಕಿದರೆ, ಫ್ಲೋರೈಡನ್ನು 1.5ಕ್ಕೆ ಇಳಿಸಲು ನೀರಿನಲ್ಲಿ ಲೀಟರಿಗೆ ಸುಮಾರು 220 ಮಿಲಿಗ್ರಾಂ ಕ್ಯಾಲ್ಸಿಯಂ ಉಳಿದಿರಬೇಕು, 1.0ಕ್ಕೆ ಇಳಿಸಲು ಸುಮಾರು 500 ಬೇಕು. ಕ್ಯಾಲ್ಸಿಯಂಗೆ ಮಾನಕವು ಕೊಡುವ ಗರಿಷ್ಠ ಅನುಮತಿಯೇ 200. ಒಂದನ್ನು ತೆಗೆಯಲು ಹೋಗಿ ನೀರನ್ನು ಬಾಯಿಗಿಡಲಾಗದಷ್ಟು ಗಡಸಾಗಿಸಿದಂತಾಗುತ್ತದೆ.

ಇದೇ ಸಮೀಕರಣವನ್ನು ತಿರುಗಿಸಿ ಓದಿದರೆ ನಮ್ಮ ಬಯಲುಸೀಮೆಯ ಕೊಳವೆಬಾವಿಗಳ ಸ್ಥಿತಿಯೂ ಅರ್ಥವಾಗುತ್ತದೆ. ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಫ್ಲೋರೈಟ್, ಬಯೊಟೈಟ್, ಅಪಟೈಟ್ ಖನಿಜಗಳಿಂದ ಫ್ಲೋರೈಡ್ ಕರಗಿ ಬರುತ್ತದೆ. ನೀರಿನಲ್ಲಿ ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿದ್ದು ಕ್ಯಾಲ್ಸಿಯಂ ಕಡಿಮೆಯಿದ್ದರೆ ಅದನ್ನು ತಡೆಯುವವರಿಲ್ಲ. ಕ್ಯಾಲ್ಸಿಯಂ 80 ಮಿಲಿಗ್ರಾಂ ಇದ್ದಾಗ ಫ್ಲೋರೈಡ್ ಸುಮಾರು 2.5ರಲ್ಲಿ ನಿಲ್ಲಬೇಕು, ಕ್ಯಾಲ್ಸಿಯಂ 20ಕ್ಕೆ ಇಳಿದರೆ 5ರವರೆಗೆ ಏರಲು ದಾರಿಯಾಗುತ್ತದೆ.

ನಾಗಪುರದ ನೀರಿ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಸುಣ್ಣದ ಜೊತೆಗೆ ಆಲಂ (ಪಟಿಕ) ಸೇರುತ್ತದೆ, ಅಲ್ಲಿ ಫ್ಲೋರೈಡನ್ನು ಹಿಡಿಯುವ ಮುಖ್ಯ ಕೆಲಸ ಅಲ್ಯುಮಿನಿಯಂ ಹೈಡ್ರಾಕ್ಸೈಡಿನ ಮುದ್ದೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬೆಳೆದ ವಿಧಾನ ಮೆಗ್ನೀಸಿಯಂ ಆಕ್ಸೈಡನ್ನು ಬಳಸುತ್ತದೆ, ಅದರಿಂದ ಏರಿದ ಪಿಎಚ್ ಅನ್ನು ಸೋಡಿಯಂ ಬೈಸಲ್ಫೇಟಿನಿಂದ ಇಳಿಸುತ್ತದೆ. ಇವೆರಡನ್ನೂ ಇಲ್ಲಿಗೇ ಬಿಟ್ಟು, ನನ್ನನ್ನು ಕಾಡಿದ ಸಕ್ರಿಯ ಅಲ್ಯುಮಿನಾಕ್ಕೆ ಬರುತ್ತೇನೆ.

ಸಮೀಕರಣದ ಒಳಗಿನ ‘ಸಿ’ ಯಾವ ‘ಸಿ’?

ಲ್ಯಾಂಗ್ಮ್ಯೂರ್ ಸಮೀಕರಣ ಎಲ್ಲರಿಗೂ ಬಾಯಿಪಾಠವಾಗಿರುತ್ತದೆ. ಒಂದು ಗ್ರಾಂ ಅಲ್ಯುಮಿನಾ ಎಷ್ಟು ಮಿಲಿಗ್ರಾಂ ಫ್ಲೋರೈಡ್ ಹಿಡಿಯುತ್ತದೆ ಎಂಬುದು ಗರಿಷ್ಠ ಸಾಮರ್ಥ್ಯ, ಬಿ (ಹಿಡಿತದ ಬಲವನ್ನು ಸೂಚಿಸುವ ಸ್ಥಿರಾಂಕ), ಸಿ (ನೀರಿನಲ್ಲಿರುವ ಫ್ಲೋರೈಡಿನ ಸಾಂದ್ರತೆ) ಮೂರರ ಗುಣಲಬ್ಧವನ್ನು ‘1 ಕೂಡಿಸು ಬಿ ಗುಣಿಸು ಸಿ’ ಎಂಬುದರಿಂದ ಭಾಗಿಸಿದಾಗ ಸಿಗುತ್ತದೆ. ಅಭ್ಯಾಸಕ್ಕೆಂದು ಗರಿಷ್ಠ ಸಾಮರ್ಥ್ಯವನ್ನು ಗ್ರಾಂಗೆ 2 ಮಿಲಿಗ್ರಾಂ ಎಂದೂ, ಬಿ ಮೌಲ್ಯವನ್ನು 0.5 ಎಂದೂ, ಬಾವಿಯ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 4 ಮಿಲಿಗ್ರಾಂ ಎಂದೂ ಇಟ್ಟುಕೊಳ್ಳೋಣ. ಗುರಿ 1 ಮಿಲಿಗ್ರಾಂ.

ನಾನು ಮಾಡಿದ ತಪ್ಪು ಇದು: ಜಾರಿನಲ್ಲಿ ನೀರು ಹಾಕಿ ಅಲ್ಯುಮಿನಾ ಕಲಕುವ ಪ್ರಯೋಗದ ಲೆಕ್ಕದಲ್ಲಿ ಸಿ ಜಾಗಕ್ಕೆ 4 ಹಾಕಿದೆ. ಆಗ ಗ್ರಾಂಗೆ 1.33 ಮಿಲಿಗ್ರಾಂ ಬರುತ್ತದೆ; 4 ಮಿಲಿಗ್ರಾಂ ಪೂರ್ತಿ ತೆಗೆಯಲು ಲೀಟರಿಗೆ 3 ಗ್ರಾಂ ಸಾಕು ಎಂಬ ಉತ್ತರ ಸಿಗುತ್ತದೆ. ಉತ್ತರ ಅಚ್ಚುಕಟ್ಟಾಗಿ ಕಂಡರೂ ತಪ್ಪು. ಸಮೀಕರಣದಲ್ಲಿರುವ ಸಿ ಆರಂಭದ ಸಾಂದ್ರತೆಯಲ್ಲ, ಸಮತೋಲನ ತಲುಪಿದ ಮೇಲೆ ಅಲ್ಯುಮಿನಾದ ಸುತ್ತ ಉಳಿದಿರುವ ನೀರಿನ ಸಾಂದ್ರತೆ. ಜಾರಿನೊಳಗೆ ಫ್ಲೋರೈಡ್ ಕಡಿಮೆಯಾಗುತ್ತಾ ಹೋದಂತೆ ಅದನ್ನು ಹಿಡಿಯುವ ಒತ್ತಡವೂ ಕಡಿಮೆಯಾಗುತ್ತಾ ಹೋಗುತ್ತದೆ. ಕೊನೆಗೆ ಪ್ರತಿಯೊಂದು ಕಣವೂ ನಾವು ಕುಡಿಯಬೇಕೆಂದಿರುವ ಶುದ್ಧ ನೀರಿನ ಜೊತೆಗೇ ಸಮತೋಲನದಲ್ಲಿ ನಿಂತಿರುತ್ತದೆ. ಬಾವಿಯ ನೀರು ಆಗ ಅಲ್ಲಿ ಎಲ್ಲಿಯೂ ಇರುವುದಿಲ್ಲ.

3 ಗ್ರಾಂ ಹಾಕಿದರೆ ನಿಜವಾಗಿ ಏನಾಗುತ್ತದೆ ಎಂದು ನೋಡಲು, ನೀರು ಕಳೆದುಕೊಂಡದ್ದು ಅಲ್ಯುಮಿನಾ ಪಡೆದುಕೊಂಡದ್ದಕ್ಕೆ ಸಮ ಎಂದು ಬರೆದು ಬಿಡಿಸಿದರೆ ಒಂದು ವರ್ಗ ಸಮೀಕರಣ ಬರುತ್ತದೆ. ಅದರ ಉತ್ತರ 1.46. ಅಂದರೆ ಫ್ಲೋರೈಡ್ ಸೊನ್ನೆಯಾಗುವುದಿರಲಿ, 1.0ಕ್ಕೂ ಇಳಿಯುವುದಿಲ್ಲ. ಗುರಿ 1 ಆಗಿದ್ದರೆ ಸಿ ಜಾಗಕ್ಕೆ 1 ಹಾಕಬೇಕು. ಆಗ ಸಾಮರ್ಥ್ಯ ಗ್ರಾಂಗೆ 0.67 ಮಿಲಿಗ್ರಾಂ ಮಾತ್ರ. ತೆಗೆಯಬೇಕಾದ 3 ಮಿಲಿಗ್ರಾಂಗೆ ಲೀಟರಿಗೆ 4.5 ಗ್ರಾಂ ಬೇಕು.

ಈಗ ಅದೇ ಅಲ್ಯುಮಿನಾವನ್ನು ಕಾಲಂನಲ್ಲಿ, ಅಂದರೆ ನೆಟ್ಟಗೆ ನಿಲ್ಲಿಸಿದ ಕೊಳವೆಯಲ್ಲಿ, ತುಂಬಿ ಮೇಲಿನಿಂದ ನೀರು ಬಿಡೋಣ. ಮೇಲ್ಪದರದ ಕಣಗಳ ಮುಂದೆ ಯಾವಾಗಲೂ ಹೊಸದಾಗಿ ಬಂದ 4 ಮಿಲಿಗ್ರಾಂ ನೀರೇ ಹರಿಯುತ್ತಿರುತ್ತದೆ. ಅವು ತುಂಬಿಕೊಂಡಾಗ 4ರ ಜೊತೆ ಸಮತೋಲನದಲ್ಲಿರುತ್ತವೆ, ಗ್ರಾಂಗೆ 1.33 ಮಿಲಿಗ್ರಾಂ ಹಿಡಿದಿರುತ್ತವೆ. ಕೆಳಪದರದಲ್ಲಿ ಇನ್ನೂ ಬಳಸದ ಅಲ್ಯುಮಿನಾ ಇರುವುದರಿಂದ ಹೊರಬರುವ ನೀರಿನಲ್ಲಿ ಆರಂಭದ ದಿನಗಳಲ್ಲಿ ಫ್ಲೋರೈಡ್ ಸೊನ್ನೆಗೆ ಹತ್ತಿರವಿರುತ್ತದೆ. ನಾನು ಜಾರಿಗೆ ಹಾಕಿದ್ದ ತಪ್ಪು ಲೆಕ್ಕ ಇಲ್ಲಿ ಸರಿಯಾದ ಲೆಕ್ಕವಾಗುತ್ತದೆ: ಲೀಟರಿಗೆ 3 ಗ್ರಾಂ. ಎರಡು ವಾರ ನನ್ನನ್ನು ಅಲೆದಾಡಿಸಿದ್ದು ಇದೇ. ಸೂತ್ರ ಒಂದೇ, ಅಂಕಿಗಳು ಒಂದೇ, ಆದರೆ ಅಲ್ಯುಮಿನಾ ಕೊನೆಯದಾಗಿ ಯಾವ ನೀರಿನ ಜೊತೆ ಸಮತೋಲನಕ್ಕೆ ಬರುತ್ತದೆ ಎಂಬುದು ಬೇರೆ. ಜಾರಿನಲ್ಲಿ ಅದು ಹೊರಹೋಗುವ ನೀರು. ಕಾಲಂನಲ್ಲಿ ಒಳಬರುವ ನೀರು.

ಹೊರಬರುವ ನೀರು ಸೊನ್ನೆಗೆ ಹತ್ತಿರವಿರುವುದರಿಂದ ಇನ್ನೊಂದು ಉಳಿತಾಯವೂ ಸಾಧ್ಯ. ಮೂರು ಪಾಲು ಸಂಸ್ಕರಿಸಿದ ನೀರಿಗೆ ಒಂದು ಪಾಲು ಬಾವಿಯ ನೀರು ಬೆರೆಸಿದರೆ 1 ಮಿಲಿಗ್ರಾಂ ಆಗುತ್ತದೆ. ಕುಡಿಯುವ ಪ್ರತಿ ಲೀಟರಿಗೆ ಬೀಳುವ ಖರ್ಚು 2.25 ಗ್ರಾಂ, ಅಂದರೆ ಜಾರಿನದರ ಸರಿಯಾಗಿ ಅರ್ಧ. ಒಂದು ಕಿಲೋ ಅಲ್ಯುಮಿನಾದಿಂದ ಜಾರಿನಲ್ಲಿ ಸುಮಾರು 222 ಲೀಟರ್, ಬೆರಕೆಯೊಡನೆ ಕಾಲಂನಲ್ಲಿ ಸುಮಾರು 444 ಲೀಟರ್. ಬಾವಿಯ ನೀರಿನಲ್ಲಿ ರೋಗಾಣುಗಳಿಲ್ಲವೆಂದು ಖಾತರಿಯಾದ ಮೇಲೆ ಮಾತ್ರ ಹೀಗೆ ಬೆರೆಸಬೇಕು.

ಇಷ್ಟಾದರೂ ಮನಸ್ಸಿಗೆ ಪೂರ್ತಿ ಇಳಿಯದವರಿಗೆ ನನಗೆ ನೆರವಾದ ಒಂದು ನಡುದಾರಿಯಿದೆ. ಬಟ್ಟೆ ಒಗೆಯುವವರಿಗೆ ಗೊತ್ತು, ಒಂದು ಬಕೆಟ್ ನೀರಿನಲ್ಲಿ ಒಮ್ಮೆ ಜಾಲಿಸುವುದಕ್ಕಿಂತ ಅರ್ಧರ್ಧ ಬಕೆಟ್ಟಿನಲ್ಲಿ ಎರಡು ಸಲ ಜಾಲಿಸಿದರೆ ಸೋಪು ಹೆಚ್ಚು ಹೋಗುತ್ತದೆ. ಹಾಗೆಯೇ 4.5 ಗ್ರಾಂ ಅಲ್ಯುಮಿನಾವನ್ನು ಒಟ್ಟಿಗೆ ಹಾಕದೆ, ಮೊದಲು 2.25 ಗ್ರಾಂ ಹಾಕಿ ಕಲಕಿ ಸೋಸಿ, ಆ ನೀರಿಗೆ ಉಳಿದ 2.25 ಗ್ರಾಂ ಹಾಕಿದರೆ ಫ್ಲೋರೈಡ್ ಮೊದಲ ಹಂತದಲ್ಲಿ 1.84ಕ್ಕೂ ಎರಡನೆಯದರಲ್ಲಿ 0.69ಕ್ಕೂ ಇಳಿಯುತ್ತದೆ. ಒಂದೇ ಹಂತದಲ್ಲಿ ಅದು 1.0ರಲ್ಲಿ ನಿಂತಿತ್ತು. ಮೊದಲ ಪಾಲು ಹೆಚ್ಚು ಸಾಂದ್ರತೆಯ ನೀರನ್ನು ಎದುರಿಸಿದ್ದರಿಂದ ಹೆಚ್ಚು ತುಂಬಿಕೊಂಡಿತು. ಇಂಥ ಹಂತಗಳನ್ನು ನೂರಾರು ಮಾಡಿ, ಹಳೆಯ ಅಲ್ಯುಮಿನಾ ಹೊಸ ನೀರಿಗೆ, ಹೊಸ ಅಲ್ಯುಮಿನಾ ಶುದ್ಧವಾದ ನೀರಿಗೆ ಎದುರಾಗುವಂತೆ ಜೋಡಿಸಿದರೆ ಅದೇ ಕಾಲಂ. ಲೆಕ್ಕವನ್ನು ಕಾಗದದ ಮೇಲೆ ಒಮ್ಮೆಯಾದರೂ ಕೈಯಾರೆ ಬಿಡಿಸಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ನಿಜವಾದ ಕಾಲಂ ಈ ಆದರ್ಶದ ಅಂಕಿಯನ್ನು ಮುಟ್ಟುವುದಿಲ್ಲ. ತುಂಬಿದ ಪದರಕ್ಕೂ ಖಾಲಿ ಪದರಕ್ಕೂ ನಡುವೆ ಹೀರಿಕೆ ನಡೆಯುತ್ತಿರುವ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಯ ಮುಂದಿನ ಅಂಚು ತಳ ಮುಟ್ಟಿದಾಗಲೇ ಬ್ರೇಕ್‌ಥ್ರೂ ಆಗಿಬಿಡುತ್ತದೆ, ಅಂದರೆ ಹೊರಬರುವ ನೀರಿನಲ್ಲಿ ಫ್ಲೋರೈಡ್ ಕಾಣಿಸಿಕೊಳ್ಳತೊಡಗುತ್ತದೆ, ಪಟ್ಟಿಯೊಳಗೆ ಉಳಿದ ಸಾಮರ್ಥ್ಯ ಬಳಕೆಯಾಗದೆ ಹೋಗುತ್ತದೆ. ನೀರನ್ನು ವೇಗವಾಗಿ ಹರಿಸಿದಷ್ಟೂ ಪಟ್ಟಿ ಉದ್ದವಾಗುತ್ತದೆ.

ಪಿಎಚ್

ಅಲ್ಯುಮಿನಾದ ಮೇಲ್ಮೈ ಧನಾವೇಶವೂ ಋಣಾವೇಶವೂ ಇಲ್ಲದೆ ನಿಲ್ಲುವ ಪಿಎಚ್ ಸಾಮಾನ್ಯವಾಗಿ 8ರಿಂದ 9ರ ಆಸುಪಾಸಿನಲ್ಲಿರುತ್ತದೆ. ಅದಕ್ಕಿಂತ ಕೆಳಗೆ ಮೇಲ್ಮೈ ಧನಾವೇಶ ಪಡೆದು ಫ್ಲೋರೈಡನ್ನು ಸೆಳೆಯುತ್ತದೆ. 5ರಿಂದ 6ರ ನಡುವೆ ಹೀರಿಕೆ ಅತ್ಯುತ್ತಮ. ಕೊಳವೆಬಾವಿಯ ಕ್ಷಾರೀಯ ನೀರಿನಲ್ಲಿ ಹೈಡ್ರಾಕ್ಸೈಡ್ ಅಯಾನುಗಳೇ ಜಾಗಕ್ಕೆ ಪೈಪೋಟಿ ನಡೆಸುತ್ತವೆ. ಬಳಸಿದ ಅಲ್ಯುಮಿನಾವನ್ನು ಕಾಸ್ಟಿಕ್ ಸೋಡಾದಿಂದ ತೊಳೆದು ಮರುಜೀವಗೊಳಿಸುವುದೂ ಇದೇ ಕಾರಣದಿಂದ ಸಾಧ್ಯವಾಗುತ್ತದೆ. ಆ ತೊಳೆದ ದ್ರವದಲ್ಲಿ ಫ್ಲೋರೈಡ್ ಬಹಳ ಹೆಚ್ಚಿರುತ್ತದೆ. ಅದನ್ನು ಚರಂಡಿಗೆ ಬಿಟ್ಟರೆ ಬಾವಿಯಿಂದ ತೆಗೆದದ್ದನ್ನು ಮತ್ತೆ ಮಣ್ಣಿಗೇ ಸೇರಿಸಿದಂತೆ.

ಅಳತೆಯಲ್ಲಿ ಆಗುವ ಮೋಸ

ಪಿಎಚ್ ಇನ್ನೂ ಇಳಿದರೆ ಇನ್ನೂ ಒಳ್ಳೆಯದೆಂದು ಭಾವಿಸಬಾರದು. 5ಕ್ಕಿಂತ ಕೆಳಗೆ ಅಲ್ಯುಮಿನಾ ಸ್ವಲ್ಪಸ್ವಲ್ಪವೇ ಕರಗುತ್ತದೆ. ಕರಗಿದ ಅಲ್ಯುಮಿನಿಯಂ ಫ್ಲೋರೈಡಿನ ಜೊತೆ ಕೂಡಿಕೊಂಡು ನೀರಿನಲ್ಲೇ ಉಳಿಯುತ್ತದೆ. ಫ್ಲೋರೈಡ್ ಅಳೆಯಲು ಬಳಸುವ ಲ್ಯಾಂಥನಂ ಫ್ಲೋರೈಡ್ ಹರಳಿನ ಎಲೆಕ್ಟ್ರೋಡ್ ಬಿಡಿ ಫ್ಲೋರೈಡ್ ಅಯಾನನ್ನು ಮಾತ್ರ ಓದುತ್ತದೆ, ಅಲ್ಯುಮಿನಿಯಂಗೆ ಅಂಟಿಕೊಂಡದ್ದನ್ನು ಓದುವುದಿಲ್ಲ. ಮೀಟರಿನಲ್ಲಿ 0.6 ಕಂಡು ಸಂಸ್ಕರಣೆ ಗೆದ್ದಿತೆಂದು ಬರೆದುಕೊಳ್ಳುವ ಹೊತ್ತಿಗೆ, ಕುಡಿಯುವವರ ಲೋಟದಲ್ಲಿ ಅದಕ್ಕಿಂತ ಹೆಚ್ಚು ಫ್ಲೋರೈಡೂ, ಅದರ ಜೊತೆಗೆ ಅಲ್ಯುಮಿನಿಯಂ ಕೂಡ ಇರಬಹುದು. ಅಲ್ಯುಮಿನಿಯಂಗೆ ಮಾನಕದ ಸ್ವೀಕಾರಾರ್ಹ ಮಿತಿ ಲೀಟರಿಗೆ 0.03 ಮಿಲಿಗ್ರಾಂ, ಅನುಮತಿಯ ಮಿತಿ 0.2. ಆದ್ದರಿಂದ ಮಾದರಿ ನೀರಿಗೂ ಪ್ರಮಾಣಿತ ದ್ರಾವಣಗಳಿಗೂ ಟಿಸಾಬ್ ಎಂಬ ಬಫರನ್ನು ಸಮಪ್ರಮಾಣದಲ್ಲಿ ಬೆರೆಸಿ, ಅದರಲ್ಲಿರುವ ರಾಸಾಯನಿಕ ಅಲ್ಯುಮಿನಿಯಂ ಅನ್ನು ತಾನೇ ಹಿಡಿದುಕೊಂಡು ಫ್ಲೋರೈಡನ್ನು ಬಿಡಿಸಲು ಸಮಯ ಕೊಟ್ಟು, ಆಮೇಲೆ ಅಳೆಯಬೇಕು. ಅದೇ ನೀರಿನ ಅಲ್ಯುಮಿನಿಯಂ ಪ್ರಮಾಣವನ್ನೂ ಅದೇ ದಿನ ಪ್ರತ್ಯೇಕವಾಗಿ ಅಳೆದು ಪಕ್ಕದ ಅಂಕಣದಲ್ಲಿ ಬರೆಯಬೇಕು.